ಎರಡನೇ ಬಾಣ ಹೊಡೆಯುವುದು ಯಾರು?

ನಮ್ಮ ಬೀದಿಯಲ್ಲಿ ಒಬ್ಬ ಹಿರಿಯರಿದ್ದಾರೆ. ದಿನಾ ಬೆಳಿಗ್ಗೆ ಅರ್ಧ ಗಂಟೆ ಧ್ಯಾನ, ಒಂದು ದಿನವೂ ತಪ್ಪಿಸಿದವರಲ್ಲ. ಒಮ್ಮೆ ಮೊಮ್ಮಗ ಬಾಗಿಲು ದಡಾರನೆ ಹಾಕಿಕೊಂಡು ಓಡಿದ. "ಧ್ಯಾನ ಮಾಡ್ತಾ ಕೂತಿರೋದು ಕಾಣ್ಸಲ್ವೇನೋ ನಿಂಗೆ?" ಎಂದು ಅವರು ಕೂಗಿದ್ದು ನಮ್ಮ ಅಡುಗೆಮನೆಗೂ ಕೇಳಿಸಿತು.

ನಗಬೇಡಿ. ಎರಡು ವರ್ಷ ನಾನೂ ಅದೇ ಪೈಕಿ. ಈಗ ಮೈಸೂರಿನ ಕುವೆಂಪುನಗರದ ಒಂದು ಮನೆಯ ಮಹಡಿಯಲ್ಲಿ ಭಾನುವಾರ ಏಳೆಂಟು ಜನ ಕೂರುತ್ತೇವೆ. ಗುರುಗಳು ಅಂತ ಯಾರೂ ಇಲ್ಲ. ಹೊಸಬರು ಬಂದರೆ ಕೇಳುವುದು ಒಂದೇ: "ಸಿಟ್ಟು ಕಡಿಮೆ ಆಗ್ಬೇಕು." ಅದಕ್ಕೆ ಅವರು ಮಾಡುವುದೂ ಒಂದೇ. ಉಕ್ಕುವ ಹಾಲಿನ ಮೇಲೆ ತಟ್ಟೆ ಮುಚ್ಚುವುದು! ಆಮೇಲೆ ಸ್ಟವ್ ಒರೆಸುವ ಕೆಲಸ ಮನೆಯವರದು. ಸಿಟ್ಟನ್ನು ಹೀಗೆ ಮುಚ್ಚಿಡದೆ, ಬುದ್ಧ ಹೇಳಿದ ಹಾಗೆ ಅದನ್ನು ನೋಡುವುದು ಹೇಗೆ ಎಂದು ಮೂರು ಹಂತದಲ್ಲಿ ಹೇಳುತ್ತೇನೆ.

ಮೊದಲ ಹಂತ, ಕೂರುವುದು. ಮಡಿಸಿದ ಜಮಖಾನ, ನೆಟ್ಟಗಿನ ಬೆನ್ನು, ಬೇರೆ ರೂಮಿನಲ್ಲಿ ಮೊಬೈಲ್. ಮಂಡಿ ನೋವಿದ್ದರೆ ಕುರ್ಚಿ. ಮುಗಿಯಿತು.

ಇದಕ್ಕೆ ಸಾವಿರಾರು ರೂಪಾಯಿಯ ಕುಶನ್ ಬೇಡ. ಝರಿ ಹರಿಯುವ ಸದ್ದು ಕೇಳಿಸುವ ಆಪ್ ಅಂತೂ ಬೇಡವೇ ಬೇಡ. ಅದನ್ನು ನಂಬಿಕೊಂಡ ಹುಡುಗಿಯೊಬ್ಬಳು ಮೊಬೈಲ್ ಚಾರ್ಜ್ ಇಲ್ಲ ಅಂತ ಧ್ಯಾನವನ್ನೇ ಬಿಟ್ಟಳು. ಟಿಬೆಟನ್ನರ ಊರು ಬೈಲಕುಪ್ಪೆಗೆ ಹೋದವರೆಲ್ಲ ಒಂದು ಕಂಚಿನ ಬಟ್ಟಲು ತರುತ್ತಾರೆ, ಎರಡು ದಿನ ಟಂಯ್ ಅನ್ನಿಸುತ್ತಾರೆ, ಮೂರನೇ ದಿನ ಅದರಲ್ಲಿ ಬೀಗದ ಕೈ ಬಿದ್ದಿರುತ್ತದೆ. ಮೈಸೂರಿನವಳಾಗಿ ಹೇಳಬಾರದು, ಆದರೂ ಹೇಳುತ್ತೇನೆ: ಊದುಬತ್ತಿಯೂ ಬೇಡ. ಉಸಿರು ನೋಡಲು ಕೂತು ಹೊಗೆ ಕುಡಿಯುವುದು ಯಾಕೆ? ಕಾಫಿ ಮಾತ್ರ ಮೊದಲೇ ಕುಡಿದುಬಿಡಿ. ಇಲ್ಲದಿದ್ದರೆ ಅರ್ಧ ಗಂಟೆ ಕಾಫಿಯ ಧ್ಯಾನವೇ ಆಗುತ್ತದೆ.

ಎರಡನೆಯದು ಉಸಿರು. ಬುದ್ಧ ಹೇಳಿದ ಆನಾಪಾನಸತಿ, ಅಂದರೆ ಉಸಿರಿನ ಮೇಲೆ ಗಮನ, ಇಷ್ಟೇ: ಉದ್ದದ ಉಸಿರು ಬಂದರೆ ಉದ್ದ ಎಂದು ತಿಳಿಯುವುದು, ಗಿಡ್ಡ ಬಂದರೆ ಗಿಡ್ಡ ಎಂದು ತಿಳಿಯುವುದು. ಎಳೆಯಬೇಡಿ, ಹಿಡಿಯಬೇಡಿ, ಎಣಿಸಿ ಬಿಡಬೇಡಿ. ಅದು ಪ್ರಾಣಾಯಾಮ. ಯೋಗದ ಊರಿನವರಾದ ನಮಗೆ ಮೂಗಿನ ಹೊಳ್ಳೆ ಹಿಡಿಯದೆ ಇರುವುದೇ ಕಷ್ಟ. ಹತ್ತು ನಿಮಿಷ ಸಾಕು. ಮನಸ್ಸು ಓಡುತ್ತದೆ, ಓಡಲಿ. ಓಡಿದ್ದು ಗೊತ್ತಾಯಿತಲ್ಲ, ಆ ಗೊತ್ತಾಗುವುದೇ ನಮಗೆ ಬೇಕಾದದ್ದು. ಮುಂದಿನ ಹಂತದಲ್ಲಿ ಕೆಲಸಕ್ಕೆ ಬರುವುದು ಅದೊಂದೇ.

ಎಲ್ಲರೂ ಮುಗ್ಗರಿಸುವುದು ಮೂರನೇ ಹಂತದಲ್ಲಿ. ಇಲ್ಲಿ ಕನ್ನಡವೇ ನಮಗೆ ಅಡ್ಡಗಾಲು ಹಾಕುತ್ತದೆ. 'ವೇದನೆಯನ್ನು ಗಮನಿಸಿ' ಎಂದರೆ ಎಲ್ಲರೂ ನೋವು ಹುಡುಕುತ್ತಾರೆ. ಬುದ್ಧನ ಮಾತುಗಳು ಉಳಿದುಬಂದಿರುವ ಪಾಲಿ ಭಾಷೆಯಲ್ಲಿ ವೇದನೆ ಬರೀ ನೋವಲ್ಲ. ಹಿತ, ಅಹಿತ, ಎರಡೂ ಅಲ್ಲದ್ದು ಎಂಬ ಮೂರೂ ವೇದನೆಯೇ. ಬಿಸಿಲಲ್ಲಿ ಬಂದು ಮಜ್ಜಿಗೆ ಕುಡಿದಾಗ ಗಂಟಲಿಗೆ ಆಗುವುದೂ ವೇದನೆ. ಯಾರೋ ಅಂದ ಮಾತಿಗೆ ಕಿವಿ ಬಿಸಿಯಾಗುವುದೂ ವೇದನೆ. ಮಾತು ಕಿವಿಗೆ ಬಿತ್ತು, ಅಹಿತ ಅನ್ನಿಸಿತು, ಆಮೇಲೆ 'ನನಗೆ ಹೀಗಂದನಲ್ಲ' ಎಂಬ ಕಥೆ ಶುರುವಾಯಿತು. ನಾವು ಹಿಡಿಯಬೇಕಾದದ್ದು ನಡುವಿನದನ್ನು. ಕಥೆ ಶುರುವಾದ ಮೇಲೆ ಹಿಡಿಯಲು ಹೋದರೆ ಬಸ್ಸಿನ ಹಿಂದೆ ಓಡಿದ ಹಾಗೆ.

ಬುದ್ಧನ ಉಪದೇಶಗಳ ಒಂದು ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿ ಬಾಣದ ಹೋಲಿಕೆ ಇದೆ. ಒಬ್ಬನಿಗೆ ಒಂದು ಬಾಣ ನಾಟುತ್ತದೆ. ಅದರ ಹಿಂದೆಯೇ ಇನ್ನೊಂದು ನಾಟುತ್ತದೆ. ಮೊದಲನೆಯದು ಮೈಗೆ ಆಗುವ ನೋವು. ಅದಕ್ಕಾಗಿ ಕೊರಗುವುದು, ಗೋಳಾಡುವುದು, ಎದೆ ಬಡಿದುಕೊಳ್ಳುವುದು ಎರಡನೆಯದು. ತಿಳಿದವನಿಗೂ ಮೊದಲ ಬಾಣ ನಾಟುತ್ತದೆ ಎಂದು ಬುದ್ಧ ಹೇಳುತ್ತಾನೆ. ಎರಡನೆಯದು ಮಾತ್ರ ನಾಟುವುದಿಲ್ಲ.

ನನಗೆ ಎರಡೂ ನಾಟಿದ್ದು ರೈಲಿನಲ್ಲಿ. ಮಂಡ್ಯದಲ್ಲಿ ನೆಂಟರ ಮದುವೆ ಮುಗಿಸಿ ಮೈಸೂರಿಗೆ ವಾಪಸ್ ಬರುತ್ತಿದ್ದೆ. ಸೀಟು ಸಿಕ್ಕಿತ್ತು, ಮಡಿಲಲ್ಲಿ ತಾಂಬೂಲದ ಚೀಲ. ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಮೆಸೇಜ್ ಬಂತು: "ಕೆಲವರು ಸೀದಾ ಊಟದ ಹೊತ್ತಿಗೇ ಬರ್ತಾರೆ." ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ.

ಪಾಂಡವಪುರ ಬರುವಷ್ಟರಲ್ಲಿ ನಾನು ಉತ್ತರ ಟೈಪ್ ಮಾಡಿದ್ದೆ. 1998ರ ಒಂದು ಗೃಹಪ್ರವೇಶದಿಂದ ಶುರುಮಾಡಿ ಎಲ್ಲ ಲೆಕ್ಕ ಬರೆದಿದ್ದೆ. ಕಳಿಸುವ ಮೊದಲು ಯಾಕೋ ಹೆಬ್ಬೆರಳು ಕಣ್ಣಿಗೆ ಬಿತ್ತು. ಉಗುರಿನ ತುದಿ ಬೆಳ್ಳಗಾಗಿತ್ತು, ಅಷ್ಟು ಒತ್ತಿ ಹಿಡಿದಿದ್ದೆ. ಸರಿ, ಮೈಯಲ್ಲಿ ಇನ್ನೇನಾಗಿದೆ ನೋಡೋಣ ಅಂದುಕೊಂಡೆ. ಎರಡೂ ಕಿವಿ ಬಿಸಿ. ದವಡೆ ಬಿಗಿ. ಎದೆಗೂಡಿನ ಕೆಳಗೆ ಒಂದು ನಿಂಬೆಹಣ್ಣಿನ ಗಾತ್ರದ ಗಂಟು, ಅದು ಉಸಿರಿನ ಜೊತೆ ಏಳುತ್ತಿರಲಿಲ್ಲ. ಮನಸ್ಸಿನಲ್ಲೇ 'ಬಿಸಿ' ಅಂದೆ. 'ಬಿಗಿ' ಅಂದೆ. ಎಂಟು ಹತ್ತು ಉಸಿರಿನಲ್ಲಿ ಕಿವಿಯ ಬಿಸಿ ಕುತ್ತಿಗೆಗೆ ಇಳಿಯಿತು, ತೆಳುವಾಯಿತು. ಅಷ್ಟರಲ್ಲಿ ಆ ಗೃಹಪ್ರವೇಶ ಮತ್ತೆ ನೆನಪಾಯಿತು. ತಟ್ಟನೆ ಕಿವಿ ಮತ್ತೆ ಬಿಸಿ! ಮೆಸೇಜ್ ಹಾಕಿದವನು ಹೊಸದಾಗಿ ಏನೂ ಮಾಡಿರಲಿಲ್ಲ. ಈ ಸಲ ಬಾಣ ಹೂಡಿದ್ದು ನಾನೇ. ಶ್ರೀರಂಗಪಟ್ಟಣದ ಕಾವೇರಿ ಸೇತುವೆ ದಾಟುವವರೆಗೆ ಹೀಗೆ ಮೂರು ಸಲ ಹೂಡಿದೆ, ಮೂರು ಸಲವೂ ಕಂಡೆ. ನಾಗನಹಳ್ಳಿಯ ಹತ್ತಿರ ಬರೆದದ್ದನ್ನೆಲ್ಲ ಅಳಿಸಿ "ಊಟ ಬಹಳ ಚೆನ್ನಾಗಿತ್ತು" ಎಂದು ಕಳಿಸಿದೆ. ಅದೂ ಪೂರ್ತಿ ಶುದ್ಧ ಉತ್ತರವೇನಲ್ಲ, ಒಪ್ಪಿಕೊಳ್ಳುತ್ತೇನೆ.

ಮೈಯಲ್ಲಿ ಎಲ್ಲಿ ನೋಡಬೇಕು ಎಂದು ಗೊತ್ತಾಗದವರು ನಮ್ಮ ಮಾತನ್ನೇ ಕೇಳಿಸಿಕೊಳ್ಳಿ. ಸಿಟ್ಟು ನೆತ್ತಿಗೇರುತ್ತದೆ. ಹೆದರಿಕೆಗೆ ಎದೆ ಧಸಕ್ಕೆನ್ನುತ್ತದೆ, ಕೈಕಾಲು ತಣ್ಣಗಾಗುತ್ತದೆ. ದುಃಖಕ್ಕೆ ಗಂಟಲು ಕಟ್ಟುತ್ತದೆ. ಇನ್ನೊಬ್ಬರ ಸೈಟಿನ ಮೇಲೆ ಮನೆ ಎದ್ದರೆ ಹೊಟ್ಟೆಕಿಚ್ಚು. ವಿಳಾಸ ಎಲ್ಲ ಅಜ್ಜಿಯರೇ ಬರೆದಿಟ್ಟಿದ್ದಾರೆ. ಹೋಗಿ ಬಾಗಿಲು ತಟ್ಟುವುದಷ್ಟೇ ಕೆಲಸ. ಇನ್ನೊಂದು ಅನುಕೂಲವೂ ಇದೆ. ನಾವು 'ನನಗೆ ಸಿಟ್ಟು ಬಂದಿದೆ' ಅನ್ನುತ್ತೇವೆ. ಬಸ್ಸು ಬಂದಿದೆ, ನೆಂಟರು ಬಂದಿದ್ದಾರೆ ಅನ್ನುವ ಹಾಗೆ. ಗಮನ ನೆಲೆಗೊಳಿಸುವ ಬಗ್ಗೆ ಬುದ್ಧ ಹೇಳಿದ ಸತಿಪಟ್ಠಾನ ಸುತ್ತದಲ್ಲಿ (ಸುತ್ತ ಎಂದರೆ ಉಪದೇಶ) ಇರುವುದೂ ಇದೇ: ದ್ವೇಷ ಇರುವ ಚಿತ್ತವನ್ನು ದ್ವೇಷ ಇರುವ ಚಿತ್ತ ಎಂದು ತಿಳಿಯುವುದು. ಒಳ್ಳೆಯದು, ಕೆಟ್ಟದು ಎಂಬ ಮಾರ್ಕ್ಸ್ ಕೊಡಬೇಕಿಲ್ಲ.

ಈ ಹಂತವನ್ನು ಕೆಡಿಸುವ ದಾರಿಗಳು ನನಗೆ ಚೆನ್ನಾಗಿ ಗೊತ್ತು, ಎಲ್ಲದರಲ್ಲೂ ಓಡಾಡಿದ್ದೇನೆ. ಕೆಲವರು 'ಯಾಕೆ ಬಂತು' ಎಂದು ತನಿಖೆ ಶುರುಮಾಡುತ್ತಾರೆ. ಅದು ಕಥೆಯ ಎರಡನೇ ಅಧ್ಯಾಯ ಅಷ್ಟೇ. ಕೆಲವರು 'ಹೋಯ್ತಾ, ಹೋಯ್ತಾ' ಎಂದು ನೋಡುತ್ತಾರೆ. ಕರೆಂಟ್ ಬಂತಾ ಅಂತ ಪದೇ ಪದೇ ಸ್ವಿಚ್ ಒತ್ತಿದರೆ ಕರೆಂಟ್ ಬೇಗ ಬರುತ್ತದೆಯೇ? ಧ್ಯಾನದಲ್ಲಿ ಹಳಬರಾದವರದು ಇನ್ನೂ ಕಷ್ಟ: 'ಇಷ್ಟು ವರ್ಷ ಕೂತೂ ಸಿಟ್ಟು ಬಂತಲ್ಲ, ಥೂ' ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಅದು ಮೂರನೇ ಬಾಣ.

ಮೊದಮೊದಲು ಸಣ್ಣ ಪುಟ್ಟದರ ಮೇಲೆ ಅಭ್ಯಾಸ ಮಾಡಿ. ಹಾಲು ಒಡೆಯಿತು, ನಲ್ಲಿ ನೀರು ಬರಲಿಲ್ಲ, ಆಟೋದವರು ಅತ್ತ ಬರಲ್ಲ ಅಂದರು, ಇಂಥವು. ಮೂವತ್ತು ವರ್ಷದ ಆಸ್ತಿ ಜಗಳವನ್ನು ಮೊದಲ ವಾರವೇ ಎತ್ತಿಕೊಳ್ಳಬೇಡಿ. ಈಜು ಕಲಿಯಲು ಯಾರೂ ತುಂಬಿ ಹರಿಯುವ ವಿಶ್ವೇಶ್ವರಯ್ಯ ನಾಲೆಗೆ ಇಳಿಯುವುದಿಲ್ಲ, ಅಲ್ವಾ?

ನೋಡಿದರೂ ಇಳಿಯದ ಸಿಟ್ಟಿಗೆ ಇನ್ನೊಂದು ಸಂಗ್ರಹವಾದ ಮಜ್ಝಿಮ ನಿಕಾಯದ ವಿತಕ್ಕಸಂಠಾನ ಸುತ್ತದಲ್ಲಿ ಐದು ಉಪಾಯ ಇವೆ. ಬಡಗಿಯು ದಪ್ಪ ಬೆಣೆಯನ್ನು ಸಣ್ಣ ಬೆಣೆಯಿಂದ ಹೊರದಬ್ಬುವಂತೆ ಕೆಟ್ಟ ಯೋಚನೆಯನ್ನು ಒಳ್ಳೆಯ ಯೋಚನೆಯಿಂದ ದಬ್ಬುವುದು ಮೊದಲನೆಯದು. ಆ ಯೋಚನೆಯಿಂದ ಆಗುವ ಕೇಡು ನೋಡುವುದು, ಅದನ್ನು ಮರೆತು ಬೇರೆ ಕಡೆ ತಿರುಗುವುದು ಆಮೇಲಿನವು. ನನಗೆ ಇಷ್ಟವಾದದ್ದು ನಾಲ್ಕನೆಯದು. ಬಿರಬಿರನೆ ನಡೆಯುವವನು 'ನಾನ್ಯಾಕೆ ಹೀಗೆ ಓಡ್ತಿದೀನಿ, ನಿಧಾನ ನಡೆಯಬಹುದಲ್ಲ' ಅಂದುಕೊಳ್ಳುತ್ತಾನೆ. ಆಮೇಲೆ ನಿಲ್ಲುತ್ತಾನೆ, ಕೂರುತ್ತಾನೆ, ಮಲಗುತ್ತಾನೆ. ನಾನು ಇದನ್ನು ಅಕ್ಷರಶಃ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮಾಡುತ್ತೇನೆ. ಮಲಗುವುದನ್ನು ಬಿಟ್ಟು. ಹಲ್ಲು ಕಚ್ಚಿ, ನಾಲಿಗೆಯನ್ನು ಅಂಗುಳಿಗೆ ಒತ್ತಿ, ಮನಸ್ಸನ್ನು ಮನಸ್ಸಿನಿಂದಲೇ ಅದುಮುವುದು ಐದನೆಯದು. ಉಳಿದ ನಾಲ್ಕೂ ಕೈಕೊಟ್ಟಾಗ ಮಾತ್ರ ಅದು. ನಾವು ಶುರು ಮಾಡುವುದೇ ಅಲ್ಲಿಂದ.

ಎಲ್ಲರಿಗೂ ಒಳ್ಳೆಯದಾಗಲಿ ಎಂದು ಹಾರೈಸುವ ಮೈತ್ರಿ ಧ್ಯಾನದಲ್ಲೂ ಇದೇ ಅವಸರ. ಶತ್ರುವಿನಿಂದ ಶುರುಮಾಡಬೇಡಿ ಎಂದು 5ನೇ ಶತಮಾನದ ಬೌದ್ಧ ಪಂಡಿತ ಬುದ್ಧಘೋಷ ತನ್ನ ವಿಸುದ್ಧಿಮಗ್ಗ ಎಂಬ ಗ್ರಂಥದಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಮೊದಲು ನಿಮಗೇ ಒಳ್ಳೆಯದಾಗಲಿ ಅಂದುಕೊಳ್ಳಿ, ಆಮೇಲೆ ಬೇಕಾದವರಿಗೆ, ಆಮೇಲೆ ಬೇಕೂ ಬೇಡವೂ ಅಲ್ಲದ ಯಾರಿಗಾದರೂ. ನನಗೆ ಅದು ಹಾಲಿನ ಬೂತಿನವರು. ಕೊನೆಗೆ ಆಗದವರಿಗೆ. ಅವರಿಗೆ ತಿಳಿಸುವ ಅಗತ್ಯ ಇಲ್ಲ. "ನಿಮಗೆ ಮೈತ್ರಿ ಕಳಿಸ್ತಿದೀನಿ" ಎಂದು ನಾದಿನಿಗೆ ಮೆಸೇಜ್ ಹಾಕಿ ಜಗಳ ಎರಡರಷ್ಟು ಮಾಡಿಕೊಂಡವರು ನಮ್ಮಲ್ಲೇ ಇದ್ದಾರೆ.

ಇನ್ನೊಂದು ಪದದ ಮೇಲೂ ಕಣ್ಣಿಡಿ. ಉಪೇಕ್ಷೆ. ಕನ್ನಡದಲ್ಲಿ ಅದು ಅಸಡ್ಡೆ. ಬೌದ್ಧರಲ್ಲಿ ಅದು ಸಮಚಿತ್ತ. ಅಸಡ್ಡೆಯನ್ನು ಅವರು ಉಪೇಕ್ಷೆಯ ಪಕ್ಕದಲ್ಲೇ ಕೂತ ಶತ್ರು ಅನ್ನುತ್ತಾರೆ, ನೋಡಲು ಇಬ್ಬರೂ ಒಂದೇ ಥರ ಕಾಣುವುದರಿಂದ. ಹೆಂಡತಿ ಅಳುತ್ತಿದ್ದಾಗ ಗೋಡೆ ನೋಡುತ್ತಾ "ನಾನು ರಿಯಾಕ್ಟ್ ಮಾಡಲ್ಲ" ಅನ್ನುವವರದು ಉಪೇಕ್ಷೆಯಲ್ಲ. ಮೆಲುದನಿ ಇದ್ದ ಮಾತ್ರಕ್ಕೆ ಶಾಂತಿ ಇದೆ ಅಂತಲೂ ಅಲ್ಲ. ಬೈಲಕುಪ್ಪೆಯ ಸೆರಾ ವಿಹಾರದಲ್ಲಿ ಭಿಕ್ಷುಗಳು ವಾದ ಮಾಡುವುದನ್ನು ನೋಡಿ. ಎದ್ದು ನಿಂತವನು ಕಾಲು ಅಪ್ಪಳಿಸಿ, ಕೂತವನ ಮೂಗಿನ ಮುಂದೆ ಚಪ್ಪಾಳೆ ತಟ್ಟಿ ಪ್ರಶ್ನೆ ಕೇಳುತ್ತಾನೆ. ಹೊಡೆದಾಟವೇ ಆಯಿತೇನೋ ಅನ್ನಿಸುತ್ತದೆ. ಅದು ಅವರ ಪಾಠ. ಮುಗಿದ ಮೇಲೆ ನಗುತ್ತಾ ಹೋಗುತ್ತಾರೆ.

ಸಾವಿನ ದುಃಖ, ತಿಂಗಳುಗಟ್ಟಲೆ ನಿದ್ದೆ ಇಲ್ಲದಿರುವುದು, ಬದುಕೇ ಬೇಡ ಅನ್ನಿಸುವುದು ಇವಕ್ಕೆ ಈ ಲೇಖನ ಸಾಲದು. ಡಾಕ್ಟರನ್ನು ನೋಡಿ, ಅಥವಾ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಎದೆ ಒಡೆದಿರುವಾಗ ಸೀದಾ ಹತ್ತು ದಿನದ ಮೌನ ಶಿಬಿರಕ್ಕೆ ಹೋಗಬೇಡಿ. ಶಿಬಿರ ಒಳ್ಳೆಯದೇ, ಆದರೆ ಆಗ ಬೇಡ.

ಮೊದಲ ವಾರಕ್ಕೆ ಒಂದು ಜಾಗ ಹೇಳುತ್ತೇನೆ: ಸಂಜೆ ಆರರ ಹೊತ್ತಿನ ಯಾವುದಾದರೂ ಸಿಗ್ನಲ್. ಕೆಂಪು ದೀಪ ಇರುವಾಗಲೇ ಹಿಂದಿನವನು ಹಾರ್ನ್ ಒತ್ತುತ್ತಾನೆ, ಖಂಡಿತ. ಕಣ್ಣು ತೆರೆದೇ ಇರಲಿ. ಭುಜ ಎಲ್ಲಿದೆ ನೋಡಿ, ಕಿವಿಯ ಹತ್ತಿರ ಬಂದಿರುತ್ತದೆ. 'ಬಿಗಿ' ಅನ್ನಿ. ನಾಲ್ಕೈದು ಉಸಿರು ನೋಡಿ. ಹಸಿರು ಬಿದ್ದ ತಕ್ಷಣ ಹೊರಡಿ. ಅಲ್ಲೇ ಧ್ಯಾನ ಮಾಡುತ್ತಾ ನಿಂತರೆ ಹಿಂದಿನವನಿಗೆ ಸಿಟ್ಟು ಬರುತ್ತದೆ, ಅವನು ಈ ಲೇಖನ ಓದಿರುವುದಿಲ್ಲ.