ಹೌಸ್‌ಬೋಟ್ ಬುಕ್ ಮಾಡ್ತೀರಾ? ಎಷ್ಟು ಗಂಟೆ ಓಡ್ತದೆ ಅಂತ ಮೊದಲು ಕೇಳಿ

ಹೌಸ್‌ಬೋಟ್‌ನಲ್ಲಿ ಒಂದು ದಿನ ಇದ್ದು ಬರೋಣ ಅಂತ ಮನೆಯಲ್ಲಿ ಮಾತು ಬಂದರೆ ಮೊದಲು ಕೇಳಿಬರುವ ಹೆಸರು ಆಲಪ್ಪುಳ. ಬದಿಯಡ್ಕದವರಿರಲಿ, ಉಪ್ಪಳದವರಿರಲಿ, ರಾತ್ರಿ ರೈಲು ಹತ್ತಿ ಅಲ್ಲಿಗೇ ಹೋಗುವ ಯೋಚನೆ. ನೀಲೇಶ್ವರದಲ್ಲೂ ಹೌಸ್‌ಬೋಟ್ ಉಂಟು ಅಂದರೆ "ಹೌದಾ?" ಅನ್ನುವವರೇ ಜಾಸ್ತಿ. ನಮ್ಮದೇ ಜಿಲ್ಲೆ, ಕಾಸರಗೋಡು ಸ್ಟೇಷನ್‌ನಿಂದ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ.

ಇನ್ನು ಫೋನಿನಲ್ಲಿ 'ರಿವರ್ ಕ್ರೂಸ್' ಅಂತ ಹುಡುಕಿದರೆ ಗಂಗಾ ವಿಲಾಸ್ ಬಂದು ನಿಲ್ಲುತ್ತದೆ. 2023ರ ಜನವರಿಯಲ್ಲಿ ವಾರಾಣಸಿಯಿಂದ ದಿಬ್ರೂಗಢಕ್ಕೆ ಹೊರಟ ಹಡಗು ಅದು, 51 ದಿನ, ಸುಮಾರು 3,200 ಕಿ.ಮೀ. ಅದನ್ನು ನೋಡಿ ಖುಷಿಪಡಿ, ಅಷ್ಟೇ. ಮೊದಲ ಸಲದವರಿಗೆ ಒಂದು ಹಗಲು ಅಥವಾ ಒಂದು ರಾತ್ರಿ ಸಾಕು.

ಮೊದಲು ಗಂಟೆಯ ಲೆಕ್ಕ

ಬೋಟ್ ಚಂದ ಉಂಟಾ, ಎಸಿ ಉಂಟಾ, ಎಷ್ಟು ರೂಮು ಅಂತ ಎಲ್ಲರೂ ಕೇಳುತ್ತಾರೆ. ಬೋಟ್ ಎಷ್ಟು ಹೊತ್ತು ಓಡುತ್ತದೆ ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

'ಒಂದು ದಿನದ ಪ್ಯಾಕೇಜ್' ಅಂದರೆ ಸಾಮಾನ್ಯವಾಗಿ ಮಧ್ಯಾಹ್ನ 12ಕ್ಕೆ ಹತ್ತಿ ಮರುದಿನ ಬೆಳಗ್ಗೆ 9ಕ್ಕೆ ಇಳಿಯುವುದು. ಒಟ್ಟು 21 ಗಂಟೆ ಆಯಿತಲ್ವಾ? ಈಗ ಕಳೆಯುತ್ತಾ ಬನ್ನಿ. ಊಟದ ಹೊತ್ತಿಗೆ ಎಲ್ಲಾದರೂ ದಡಕ್ಕೆ ಕಟ್ಟಿ ಒಂದು ಗಂಟೆ ನಿಲ್ಲಿಸುತ್ತಾರೆ. ಸಂಜೆ ಐದೂವರೆ, ಆರರೊಳಗೆ ಮತ್ತೆ ಕಟ್ಟಲೇಬೇಕು, ಯಾಕೆಂದರೆ ಆ ಹೊತ್ತಿನಿಂದ ಮೀನು ಹಿಡಿಯುವವರು ನೀರಿಗೆ ಬಲೆ ಬಿಡುತ್ತಾರೆ, ದೊಡ್ಡ ಬೋಟ್ ಅದರ ಮೇಲೆ ಹೋದರೆ ಅವರ ಆ ದಿನದ ದುಡಿಮೆ ಹೋದ ಹಾಗೆ. ಬೆಳಗ್ಗೆ ತಿಂಡಿ ಮುಗಿಸಿ ಎಂಟರಿಂದ ಒಂಬತ್ತರವರೆಗೆ ಇನ್ನೊಂದು ಸುತ್ತು. ಕೂಡಿಸಿದರೆ ಐದೂವರೆ, ಹೆಚ್ಚೆಂದರೆ ಆರು ಗಂಟೆ ಓಡಾಟ. ಉಳಿದ ಹೊತ್ತೆಲ್ಲ ನೀವು ಇರುವುದು ಕಟ್ಟಿಹಾಕಿದ ಬೋಟ್‌ನಲ್ಲಿ.

ಇದರಲ್ಲಿ ಮೋಸ ಏನೂ ಇಲ್ಲ. ಆದರೆ ರಾತ್ರಿಯಿಡೀ ತೇಲ್ತಾ ಹೋಗ್ತೇವೆ ಅಂತ ಅಂದುಕೊಂಡು ಹತ್ತಿದವರಿಗೆ ಸಂಜೆ ಆರಕ್ಕೇ ಮುಖ ಸಣ್ಣದಾಗುತ್ತದೆ. ಪಕ್ಕದಲ್ಲಿ ಇನ್ನೂ ನಾಲ್ಕು ಬೋಟ್ ಕಟ್ಟಿರುತ್ತಾರೆ, ಒಂದರಲ್ಲಿ ಸ್ಪೀಕರ್, ಇನ್ನೊಂದರಲ್ಲಿ ಜನರೇಟರ್ ಗುರ್ ಅಂತಿರುತ್ತದೆ. ಸೊಳ್ಳೆ ಬೇರೆ.

ಹಾಗಾಗಿ ಮನೆಯವರೆಲ್ಲ ಕೂತು ಮೊದಲು ಇದೊಂದನ್ನು ತೀರ್ಮಾನ ಮಾಡಿ: ನಮಗೆ ನೀರಿನ ಮೇಲೆ ಸುತ್ತಾಟ ಬೇಕಾ, ಅಥವಾ ನೀರಿನ ಪಕ್ಕದಲ್ಲಿ ಒಂದು ರಾತ್ರಿ ಮಲಗಬೇಕಾ? ಸುತ್ತಾಟ ಸಾಕು ಅನ್ನುವವರು ಹಗಲಿನ ಟ್ರಿಪ್ ತೆಗೆದುಕೊಳ್ಳಿ. ಬೆಳಗ್ಗೆ ಹತ್ತಿ ಸಂಜೆ ಇಳಿದರೂ ಬೋಟ್ ಓಡುವ ಹೊತ್ತು ಹೆಚ್ಚು ಕಡಿಮೆ ಅಷ್ಟೇ, ಖರ್ಚು ಮಾತ್ರ ಕಡಿಮೆ. ರಾತ್ರಿ ಉಳಿಯುವುದರ ಲಾಭ ಬೇರೆ. ಸೂರ್ಯ ಮುಳುಗಿದ ಮೇಲೆ ನೀರಿನ ಬಣ್ಣ, ಬೆಳಗ್ಗೆ ಮಂಜಿನಲ್ಲಿ ಸಣ್ಣ ದೋಣಿಯವರು ಬಲೆ ಎಳೆಯುವುದು, ಇವೆಲ್ಲ ಹಗಲಿನ ಟ್ರಿಪ್‌ನಲ್ಲಿ ಸಿಗುವುದಿಲ್ಲ. ಅಜ್ಜ, ಅಜ್ಜಿ, ಬೆಂಗಳೂರಿನಿಂದ ಬಂದ ಚಿಕ್ಕಪ್ಪನ ಮಕ್ಕಳು ಎಲ್ಲ ಸೇರಿ ಮಾತಾಡಿಕೊಂಡು ಕೂರುವುದೇ ಮುಖ್ಯ ಅನ್ನುವ ಮನೆಗೆ ರಾತ್ರಿಯ ಪ್ಯಾಕೇಜೇ ಸರಿ.

ನೀಲೇಶ್ವರವೋ ಆಲಪ್ಪುಳವೋ

ನೀಲೇಶ್ವರ ಪೇಟೆಯ ಹತ್ತಿರ ಕೋಟ್ಟಪ್ಪುರಂ ಅಂತ ಜಾಗ. ಬೋಟ್ ಜೆಟ್ಟಿ ಇರುವುದು ಅಲ್ಲಿ. ಕೊಡಗಿನ ಕಡೆಯ ಬೆಟ್ಟದಿಂದ ಇಳಿದು ಬರುವ ತೇಜಸ್ವಿನಿ, ಅಂದರೆ ಕಾರ್ಯಂಗೋಡು ಹೊಳೆ, ಸಮುದ್ರ ಸೇರುವ ಮೊದಲು ಇಲ್ಲಿ ಅಗಲವಾಗುತ್ತದೆ. ದಕ್ಷಿಣಕ್ಕೆ ಹೋದರೆ ವಲಿಯಪರಂಬ ಹಿನ್ನೀರು. ಒಂದು ಬದಿಯಲ್ಲಿ ಒಳನಾಡು, ಇನ್ನೊಂದು ಬದಿಯಲ್ಲಿ ಸುಮಾರು 24 ಕಿ.ಮೀ. ಉದ್ದಕ್ಕೆ ಚಾಚಿದ ವಲಿಯಪರಂಬ ಕುದ್ರು, ಅದರಾಚೆ ಸಮುದ್ರ. ಕೆಲವು ಕಡೆ ಈ ಕುದ್ರು ಎಷ್ಟು ಕಿರಿದು ಅಂದರೆ ಹಿನ್ನೀರಿನ ಬದಿ ಇಳಿದು ತೆಂಗಿನ ತೋಟದ ನಡುವೆ ಸ್ವಲ್ಪ ನಡೆದರೆ ಸಮುದ್ರದ ತೆರೆ ಕಾಣುತ್ತದೆ. ಆಲಪ್ಪುಳದಲ್ಲಿ ಇದು ಸಿಗುವುದಿಲ್ಲ. ಇಲ್ಲಿ ಬೋಟ್‌ಗಳೂ ಕಡಿಮೆ, ಗಲಾಟೆಯೂ ಕಡಿಮೆ. ಕಡಿಮೆ ಇರುವುದರಿಂದಲೇ ರಜೆಯ ದಿನಗಳಲ್ಲಿ ಬೇಗ ಭರ್ತಿಯಾಗುತ್ತವೆ ಅನ್ನುವುದೂ ನೆನಪಿರಲಿ.

ಇಲ್ಲಿನದು ಉಪ್ಪು ನೀರು, ಸಮುದ್ರದ ಉಬ್ಬರ ಇಳಿತಕ್ಕೆ ತಕ್ಕ ಹಾಗೆ ಏರುತ್ತದೆ, ಇಳಿಯುತ್ತದೆ. ನೀರು ಇಳಿದಾಗ ಮರಳ ದಿಬ್ಬ ಮೇಲೆ ಬಂದು ಕೆಲವು ದಾರಿಯಲ್ಲಿ ಬೋಟ್ ಹೋಗುವುದಿಲ್ಲ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಾ ಇರುತ್ತದೆ, ಹಾಗಾಗಿ ಕಳೆದ ವಾರ ಹೋದವರು ಹೇಳಿದ ಹೊತ್ತು ನಿಮಗೆ ಸರಿಯಾಗುವುದಿಲ್ಲ. ಬುಕ್ ಮಾಡುವಾಗ "ಆ ದಿನ ನೀರು ಏರುವುದು ಯಾವಾಗ?" ಅಂತ ಬೋಟಿನವರನ್ನೇ ಕೇಳಿ. ಅವರಿಗೆ ಬಾಯಿಪಾಠ.

ಆಲಪ್ಪುಳದ ಆಟವೇ ಬೇರೆ. ವೇಂಬನಾಡ್ ಕಾಯಲ್ ದೊಡ್ಡದು, ನೂರಾರು ಬೋಟ್‌ಗಳು, ನಿಮ್ಮ ಬಜೆಟ್‌ಗೆ ತಕ್ಕದ್ದು ಸಿಕ್ಕೇ ಸಿಗುತ್ತದೆ. ಮತ್ತೆ ಕುಟ್ಟನಾಡಿನ ಗದ್ದೆ. ಸಮುದ್ರ ಮಟ್ಟಕ್ಕಿಂತ ಕೆಳಗೆ ಕಟ್ಟೆ ಕಟ್ಟಿ, ನೀರು ಪಂಪ್ ಮಾಡಿ ಹೊರಹಾಕಿ ಭತ್ತ ಬೆಳೆಯುತ್ತಾರೆ. ಬೋಟ್ ಮೇಲೆ, ಗದ್ದೆ ಕೆಳಗೆ! 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇಸಾಯ ಗೊತ್ತಿರುವ ಮನೆಯ ಹಿರಿಯರಿಗೆ ಇದನ್ನು ತೋರಿಸಲಿಕ್ಕಾದರೂ ಒಮ್ಮೆ ಹೋಗಬೇಕು.

ಹೋಗುವುದಾದರೆ ರೈಲು ನೋಡಿ ಹತ್ತಿ. ಮಾವೇಲಿ ಎಕ್ಸ್‌ಪ್ರೆಸ್ ಆಲಪ್ಪುಳ ದಾರಿಯಲ್ಲಿ ಹೋಗುತ್ತದೆ, ಮಲಬಾರ್ ಎಕ್ಸ್‌ಪ್ರೆಸ್ ಕೋಟ್ಟಯಂ ದಾರಿಯಲ್ಲಿ. ವಂದೇ ಭಾರತ್ ಎರಡರಲ್ಲೂ ಹಾಗೇ, ಒಂದು ಆ ಕಡೆ, ಒಂದು ಈ ಕಡೆ. ಮಾವೇಲಿಯಲ್ಲಿ ಹೋದರೆ ಬೆಳಗಿನ ಜಾವ ಇಳಿಯುತ್ತೀರಿ, ಹೌಸ್‌ಬೋಟ್ ಹತ್ತಿಸುವುದು 12ಕ್ಕೆ. ಮಕ್ಕಳನ್ನು ಕಟ್ಟಿಕೊಂಡು ಅಷ್ಟು ಹೊತ್ತು ಸುಮ್ನೆ ಸ್ಟೇಷನ್‌ನಲ್ಲಿ ಕೂರಲು ಆಗುವುದಿಲ್ಲ, ಸ್ನಾನ ಮಾಡಿ ಬಟ್ಟೆ ಬದಲಿಸಲು ಒಂದು ರೂಮಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಇನ್ನೊಂದು ದಾರಿ ಉಂಟು, ನನಗೆ ಇಷ್ಟವಾದದ್ದು. ರಾಜ್ಯ ಜಲಸಾರಿಗೆ ಇಲಾಖೆಯ ಪ್ರಯಾಣಿಕರ ಬೋಟ್. ಆಲಪ್ಪುಳದಿಂದ ಕೋಟ್ಟಯಂಗೆ ಎರಡೂವರೆ ಗಂಟೆಯ ಆಸುಪಾಸು, ಟಿಕೆಟ್ ಬಸ್ಸಿನ ಹಾಗೆ ಅಗ್ಗ. ಅಷ್ಟು ದೂರ ಯಾಕೆ, ಪರಶ್ಶಿನಿಕಡವಿನಲ್ಲಿ ಮುತ್ತಪ್ಪನ ದರ್ಶನ ಮುಗಿಸಿದ ಮೇಲೆ ಅಲ್ಲಿಂದಲೂ ವಳಪಟ್ಟಣಂ ಹೊಳೆಯಲ್ಲಿ ಸರಕಾರಿ ಬೋಟ್ ಹೋಗುತ್ತದೆ. ಮೊದಲು ಇಂಥದ್ದರಲ್ಲಿ ಹೋಗಿ ನೋಡಿ. ಅಮ್ಮನಿಗೆ ತಲೆ ಸುತ್ತುತ್ತದೋ, ಮಗ ಕೂತಲ್ಲಿ ಕೂರುತ್ತಾನೋ, ಎಲ್ಲ ನಾಲ್ಕು ಕಾಸಿನಲ್ಲಿ ಗೊತ್ತಾಗುತ್ತದೆ.

ಯಾವಾಗ

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಕ್ರಿಸ್‌ಮಸ್ ಹಿಂದುಮುಂದಿನ ಎರಡು ವಾರ ಬಿಡಿ, ರೇಟು ಕೈಗೆ ಸಿಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ ನಿಜ, ಸೆಕೆಯೂ ಅಷ್ಟೇ ನಿಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ರೇಟು ಇಳಿಯುತ್ತದೆ, ಹಿನ್ನೀರಿನ ಮೇಲೆ ಮಳೆ ಬೀಳುವುದನ್ನು ನೋಡುವುದು ಚಂದವೂ ಹೌದು, ಆದರೆ ಗಾಳಿ ಜೋರಾದರೆ, ಜಿಲ್ಲಾಡಳಿತ ಎಚ್ಚರಿಕೆ ಕೊಟ್ಟರೆ ಬೋಟ್ ಹೊರಡುವುದೇ ಇಲ್ಲ. ಮೊದಲ ಸಲ ಹೋಗುವವರಿಗೆ ನಾನು ಮಳೆಗಾಲ ಹೇಳುವುದಿಲ್ಲ. ಪುನ್ನಮಡದ ನೆಹರೂ ಟ್ರೋಫಿ ವಳ್ಳಂಕಳಿ, ಅಂದರೆ ದೋಣಿ ಸ್ಪರ್ಧೆ, ನೋಡಬೇಕು ಅಂತಲೇ ಹೋಗುವವರ ವಿಷಯ ಬೇರೆ, ಅವರು ಆ ವರ್ಷದ ದಿನಾಂಕ ನೋಡಿಕೊಂಡೇ ಬುಕ್ ಮಾಡಲಿ.

ಫೋನಿನಲ್ಲಿ ಏನು ಕೇಳಬೇಕು

ಮಲಯಾಳ ನಮಗೆ ಹೇಗೂ ಬರುತ್ತದೆ ಅಲ್ವಾ, ಅದರ ಉಪಯೋಗ ತೆಗೆದುಕೊಳ್ಳಿ. ಏಜೆಂಟನ್ನು ಬಿಟ್ಟು ಬೋಟಿನವರ ಹತ್ತಿರವೇ ಮಾತಾಡಿ. "ಬೋಟ್ ಎತ್ರ ಮಣಿಕ್ಕೂರ್ ಓಡುಂ?" (ಬೋಟ್ ಎಷ್ಟು ಗಂಟೆ ಓಡುತ್ತದೆ?) ಅಂತ ಶುರುಮಾಡಿದರೆ ಈ ಗಿರಾಕಿಗೆ ವಿಷಯ ಗೊತ್ತುಂಟು ಅಂತ ಅವರಿಗೂ ಅಂದಾಜಾಗುತ್ತದೆ.

ಆಮೇಲೆ ಎಸಿ ವಿಷಯ. "ಎಸಿ ಬೋಟ್" ಅಂದ ಕೂಡಲೇ ಇಡೀ ದಿನ ತಂಪು ಅಂತ ತಿಳಿಯಬೇಡಿ. ಎಷ್ಟೋ ಬೋಟ್‌ಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ, ಅದೂ ಮಲಗುವ ಕೋಣೆಯಲ್ಲಿ ಮಾತ್ರ ಹಾಕುತ್ತಾರೆ. ಹಗಲೂ ಬೇಕು ಅಂದರೆ ರೇಟು ಬೇರೆ. ಸಣ್ಣ ತೋಡುಗಳ ಒಳಗೆ ಹೋಗುತ್ತೀರಾ ಅಂತಲೂ ಕೇಳಿ. ದೊಡ್ಡ ಹೌಸ್‌ಬೋಟ್ ಒಳಗೆ ಹೋಗುವುದಿಲ್ಲ, ಅದಕ್ಕೆ ಶಿಕಾರ ಅಥವಾ ಸಣ್ಣ ದೋಣಿ ಬೇಕು, ಅದರ ದುಡ್ಡು ಪ್ಯಾಕೇಜಿನಲ್ಲಿ ಸೇರಿರುವುದಿಲ್ಲ. ಕೇರಳ ಪ್ರವಾಸೋದ್ಯಮ ಇಲಾಖೆ ಹೌಸ್‌ಬೋಟ್‌ಗಳಿಗೆ ಗೋಲ್ಡ್, ಸಿಲ್ವರ್ ಅಂತ ದರ್ಜೆ ಕೊಡುತ್ತದೆ, ಪರಿಸರದ ಕಾಳಜಿ ಇರುವವಕ್ಕೆ ಗ್ರೀನ್ ಪಾಮ್ ಅಂತಲೂ ಉಂಟು. ಯಾವುದು ಇದೆ ಅಂತ ಕೇಳಿ, ಶೌಚಾಲಯದ ನೀರು ಟ್ಯಾಂಕಿಗೆ ಹೋಗುತ್ತದೋ ಹೊಳೆಗೆ ಹೋಗುತ್ತದೋ ಅಂತಲೂ ನಾಚಿಕೆ ಇಲ್ಲದೆ ಕೇಳಿ.

ಮಾತಾದದ್ದನ್ನೆಲ್ಲ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, "ಸರಿ" ಅಂತ ಉತ್ತರ ಬಂದ ಮೇಲೆಯೇ ಅಡ್ವಾನ್ಸ್ ಹಾಕಿ. ಅದೇ ಬೋಟಿನ ಈಚಿನ ಫೋಟೋ ತರಿಸಿಕೊಳ್ಳಿ. ಮಳೆಯಿಂದ ರದ್ದಾದರೆ ಹಣ ವಾಪಸ್ಸೋ, ಬೇರೆ ದಿನವೋ, ಇದೂ ಬರಹದಲ್ಲಿರಲಿ.

ಊಟದ ವಿಷಯಕ್ಕೆ ಬಂದರೆ, ಕುಚ್ಚಿಲಕ್ಕಿ ಅನ್ನ, ತೆಂಗಿನೆಣ್ಣೆ ನಮಗೇನು ಹೊಸದಲ್ಲ. ಮೀನು ತಿನ್ನುವವರಿಗೆ ಕರಿಮೀನು ಹುರಿದು ಕೊಡುತ್ತಾರೆ, ಅಲ್ಲಿಗೆ ಅವರ ಚಿಂತೆ ಮುಗಿಯಿತು. ತರಕಾರಿ ಮಾತ್ರ ತಿನ್ನುವ ಮನೆಯವರು ಎರಡು ದಿನ ಮೊದಲೇ ಹೇಳಿ, ಪಾತ್ರೆ ಬೇರೆ ಬೇಕು ಅಂತಿದ್ದರೆ ಅದನ್ನೂ ಆಗಲೇ ಹೇಳಿ. ಹಿಂಬದಿಯ ಆ ಇಷ್ಟೇ ಇಷ್ಟು ಅಡುಗೆ ಕೋಣೆಯಲ್ಲಿ ಹತ್ತಿದ ಮೇಲೆ ಬೇಡಿಕೆ ಇಟ್ಟರೆ ಅಡುಗೆಯವನು ಎಲ್ಲಿಗೆ ಹೋಗಬೇಕು?

ಹತ್ತುವ ಮೊದಲು ಐದು ನಿಮಿಷ

ಇದನ್ನು ದಯವಿಟ್ಟು ಬಿಡಬೇಡಿ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಬೋಟ್ ಮಗುಚಿ 22 ಜನ ಹೋದರು, ಮಕ್ಕಳೇ ಜಾಸ್ತಿ. ಹೊತ್ತು ಮುಳುಗಿದ ಮೇಲೆ, ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ತುಂಬಿಕೊಂಡು ಹೊರಟಿತ್ತು ಅದು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಜನ. ಅಲ್ಲಿ ದಡದಲ್ಲಿ ಕಂಡ ಪ್ರಾಣಿಗಳನ್ನು ನೋಡಲು ಮೇಲಿನ ಅಂತಸ್ತಿನವರು ಒಂದೇ ಬದಿಗೆ ನುಗ್ಗಿದ್ದರು ಅಂತ ಆಗ ವರದಿಯಾಗಿತ್ತು. ಎರಡು ಕಡೆಯೂ ಹೋದವರು ನಮ್ಮ ಹಾಗೇ ರಜೆಗೆ ಬಂದವರು.

ಹಾಗಾಗಿ ಜೆಟ್ಟಿಯಲ್ಲಿ ನಿಂತೇ ನೋಡಿ. ಬೋಟಿನ ಮೇಲೆ ನೋಂದಣಿ ಸಂಖ್ಯೆ ಬರೆದಿರಬೇಕು, ಕೇರಳದ ಒಳನಾಡು ಬೋಟ್‌ಗಳದ್ದು ಕೆಐವಿ ಅಂತ ಶುರುವಾಗುತ್ತದೆ. ಎಷ್ಟು ಜನಕ್ಕೆ ಅನುಮತಿ ಅಂತಲೂ ಬರೆದಿರಬೇಕು. ಆ ಸಂಖ್ಯೆ ನೋಡಿ, ನಿಮ್ಮ ಜನ ಎಣಿಸಿ, ಮಡಿಲಲ್ಲಿರುವ ಮಗುವನ್ನೂ ಸೇರಿಸಿ. ಓಡಿಸುವ ಸ್ರಾಂಕ್‌ಗೆ ಲೈಸೆನ್ಸ್ ಉಂಟಾ ಅಂತ ಕೇಳುವುದರಲ್ಲಿ ಮರ್ಯಾದೆ ಹೋಗುವುದೇನೂ ಇಲ್ಲ. ಲೈಫ್ ಜಾಕೆಟ್ "ಉಂಟು ಉಂಟು" ಅಂತಾರೆ. ಎಲ್ಲಿ ಉಂಟು ಅಂತ ತೋರಿಸಲು ಹೇಳಿ, ಒಂದನ್ನು ತೆಗೆದು ಮಗುವಿಗೆ ಹಾಕಿ, ಪಟ್ಟಿ ಬಿಗಿದು, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಜಾಕೆಟ್ ಕಿವಿಯವರೆಗೆ ಬಂತಾ? ಹಾಗಾದರೆ ಅದು ದೊಡ್ಡವರದ್ದು, ನೀರಿಗೆ ಬಿದ್ದರೆ ಮಗು ಕೆಳಗಿನಿಂದ ಜಾರಿಹೋಗುತ್ತದೆ. ಮಕ್ಕಳ ಅಳತೆಯದ್ದು ಕೇಳಿ, ಇಲ್ಲ ಅಂದರೆ ಹತ್ತಬೇಡಿ. ಅಡ್ವಾನ್ಸ್ ಹೋದರೆ ಹೋಗಲಿ.

ಹತ್ತಿದ ಮೇಲೆ ಎಲ್ಲರೂ ಒಂದೇ ಬದಿಗೆ ಸೆಲ್ಫಿಗೆ ನಿಲ್ಲಬೇಡಿ. ರಾತ್ರಿ ಕಟ್ಟಿದ ಬೋಟಿನಿಂದಲೂ ಜನ ನೀರಿಗೆ ಬೀಳುತ್ತಾರೆ, ಕುಡಿದವರಂತೂ ಇನ್ನೂ ಬೇಗ. ಕತ್ತಲಾದ ಮೇಲೆ ಮಕ್ಕಳು ಅಂಚಿನ ಕಡೆ ಹೋಗದ ಹಾಗೆ ಒಬ್ಬರು ಕಣ್ಣಿಟ್ಟಿರಲಿ.

ಮೇಲೆ ಕೂತ ಮೇಲೆ

ಚೀಲದಲ್ಲಿ ಜಾಸ್ತಿ ಏನೂ ಬೇಡ: ಟೊಪ್ಪಿ, ಸೊಳ್ಳೆಗೆ ಹಚ್ಚುವ ಮುಲಾಮು, ದಿನದ ಮಾತ್ರೆಗಳು, ಟಾರ್ಚ್, ಕಸ ಹಾಕಲು ಎರಡು ಚೀಲ. ಚಿಪ್ಸ್ ಪ್ಯಾಕೆಟ್ ಹೊಳೆಗೆ ಬಿಸಾಡುವವರ ಜೊತೆ ನಾನಂತೂ ಇನ್ನೊಮ್ಮೆ ಹೋಗುವುದಿಲ್ಲ.

ಕೆಟ್ಟುವಳ್ಳಂ ಮಾದರಿಯ ಹಳೆಯ ಬೋಟ್ ಸಿಕ್ಕಿದರೆ ಒಳಬದಿಯನ್ನು ಹತ್ತಿರದಿಂದ ನೋಡಿ. ಹೆಬ್ಬಲಸಿನ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹೊಲಿದಿರುತ್ತಾರೆ, ಹಲಗೆ ಹಲಗೆ ಸೇರುವಲ್ಲಿ ನಾರು ತುರುಕಿರುತ್ತಾರೆ, ಮೇಲಿನಿಂದ ಗೇರುಬೀಜದಿಂದ ತೆಗೆದ ಕಪ್ಪು ಅಂಟು. ಭತ್ತ ಸಾಗಿಸಲು ಮಾಡಿದ ದೋಣಿಗಳಿವು, ಮಲಗುವ ಕೋಣೆ ಬಂದದ್ದು ಆಮೇಲೆ. ಈಗ ಕಬ್ಬಿಣದ ತಳದವೂ ಬಂದಿವೆ, ಅವುಗಳಲ್ಲಿ ಇದೆಲ್ಲ ಕಾಣುವುದಿಲ್ಲ.

ಊಟಕ್ಕೆ ದಡದಲ್ಲಿ ಕಟ್ಟುವ ಆ ಒಂದು ಗಂಟೆಯನ್ನು ಸಂಜೆಯ ಕಡೆಗೆ ಹಾಕಲು ಆಗುತ್ತದಾ ಅಂತ ಸ್ರಾಂಕ್ ಹತ್ತಿರ ಹೊರಡುವಾಗಲೇ ಕೇಳಿ ನೋಡಿ. ಓಡುತ್ತಿರುವಾಗಲೇ ಉಣ್ಣುತ್ತೇವೆ, ನಾಲ್ಕೂವರೆಗೆ ಬಿಸಿಲು ಇಳಿದ ಮೇಲೆ ಒಳ್ಳೆಯ ಜಾಗ ನೋಡಿ ನಿಲ್ಲಿಸಿ ಅಂದರೆ ಕೆಲವರು ಒಪ್ಪುತ್ತಾರೆ. ಬೆಳಗ್ಗೆ ಬಾಕಿ ಹಣ ಕೊಡುವ ಮೊದಲು ಶಿಕಾರ, ಹೆಚ್ಚಿಗೆ ತರಿಸಿದ ಮೀನು ಎಲ್ಲದರ ಲೆಕ್ಕ ಬಿಡಿಸಿ ಕೇಳಿ, ಅಡುಗೆಯವನ ಕೈಗೆ ಏನಾದರೂ ಕೊಡುವುದಿದ್ದರೆ ಅವನ ಕೈಗೇ ಕೊಡಿ. ವಾಪಸಿನ ರೈಲನ್ನು ಹತ್ತೂವರೆಗೆ ಮೊದಲು ಹಾಕಿಕೊಳ್ಳಬೇಡಿ. ಒಂಬತ್ತು ಅಂದದ್ದು ಒಂಬತ್ತೂಮುಕ್ಕಾಲಾಗುವುದು ಮಾಮೂಲು, ನೀಲೇಶ್ವರದಲ್ಲಂತೂ ಎಲ್ಲ ರೈಲೂ ನಿಲ್ಲುವುದಿಲ್ಲ.