ಅಜ್ಜಿಯ ಚೀಲದಲ್ಲಿರುವ ಒಂದು ಹಾಳೆ

ಮೈಸೂರಿನ ರಸ್ತೆಗಳಲ್ಲಿ ಯಾರೂ ನನ್ನನ್ನು ತಿರುಗಿ ನೋಡದಂತಾದದ್ದು ನನಗೆ 58 ದಾಟಿದ ಮೇಲೆ. ತಲೆ ನರೆತು, ಬೆನ್ನು ತುಸು ಬಾಗಿ, ನಾನು ಹತ್ತಿಯ ಸೀರೆಗೆ ಇಳಿದ ಮೇಲೆ, ಗಂಟಲಿನ ಗಡಸನ್ನೂ ಜನರು ವಯಸ್ಸಿನ ಲೆಕ್ಕಕ್ಕೇ ಹಾಕಿಕೊಂಡರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದಾಗ, ಮಹಿಳೆಯರ ಜೊತೆಗೆ ನಮ್ಮಂಥವರಿಗೂ ಬಸ್ ಪ್ರಯಾಣ ಉಚಿತವೆಂದು ತಿಳಿದು, ಲಿಂಗತ್ವ ಅಲ್ಪಸಂಖ್ಯಾತರಿಗೆ ಜಿಲ್ಲಾಧಿಕಾರಿಗಳು ಕೊಡುವ ಗುರುತಿನ ಚೀಟಿಯನ್ನು ಕೈಯಲ್ಲಿ ಹಿಡಿದೇ ಪಾಂಡವಪುರದ ಬಸ್ ಹತ್ತಿದೆ. ಕಂಡಕ್ಟರ್ ಅದರತ್ತ ಕಣ್ಣು ಹಾಯಿಸಲೂ ಇಲ್ಲ, "ಎಲ್ಲಿಗಜ್ಜಿ?" ಎಂದು ಕೇಳಿ ಟಿಕೆಟ್ ಕೊಟ್ಟು ಮುಂದೆ ಹೋದ. ಹಿಂದೆ ಇದೇ ದಾರಿಯಲ್ಲಿ ನನ್ನ ಪಕ್ಕದ ಸೀಟು ಎಷ್ಟೋ ಸಲ ಮೈಸೂರಿನವರೆಗೂ ಖಾಲಿಯಾಗಿಯೇ ಬರುತ್ತಿತ್ತು.

ಈ ಅಜ್ಜಿತನ ಸುಮ್ಮನೆ ಬಂದದ್ದಲ್ಲ, ದಿನವೂ ಮಾಡಿಕೊಳ್ಳಬೇಕಾದ ಕೆಲಸ. ಗಡ್ಡದ ಕೂದಲು ಬೆಳ್ಳಗಾದ ಮೇಲೆ ಲೇಸರ್‌ಗೆ ಹೋಗಿ ಪ್ರಯೋಜನವಿಲ್ಲ. ಆ ಬೆಳಕು ಹಿಡಿಯುವುದು ಕೂದಲಿನ ಕಪ್ಪನ್ನು, ಬಿಳಿಯ ಕೂದಲು ಹಾಗೆಯೇ ಉಳಿಯುತ್ತದೆ. ಹೀಗಾಗಿ ಹಳೆಯ ಚಿಮಟವೇ ಗತಿ. ಆದರೆ ಕಣ್ಣು ಮಂಜಾದ ಮೇಲೆ ಕೈಗೆ ತಾಗುವ ಕೂದಲು ಕನ್ನಡಿಯಲ್ಲಿ ಕಾಣುವುದಿಲ್ಲ. ನಾನು ದೊಡ್ಡದಾಗಿ ತೋರಿಸುವ ಕನ್ನಡಿಯೊಂದನ್ನು ಕೊಂಡು ಕಿಟಕಿಗೆ ನೇತುಹಾಕಿದ್ದೇನೆ. ಬೆಳಿಗ್ಗೆ ಏಳರ ಹೊತ್ತಿಗೆ ಬೀಳುವ ಓರೆ ಬಿಸಿಲಿನಲ್ಲಿ ಬಿಳಿಯ ಕೂದಲು ಮಿಂಚುತ್ತದೆ, ಆಗ ಕೀಳುತ್ತೇನೆ. ಗದ್ದದ ಕೆಳಗಿನದನ್ನು ನನ್ನ ಹಿರಿಯ ಚೇಲಾ, ಅಂದರೆ ನನ್ನನ್ನು ಗುರುವೆಂದು ಒಪ್ಪಿಕೊಂಡ ಶಿಷ್ಯೆ, ಭಾನುವಾರ ಬಂದು ತೆಗೆಯುತ್ತಾಳೆ.

ಅಜ್ಜಿ ಎನ್ನಿಸಿಕೊಳ್ಳುವ ಈ ಸುಖವೇ ನನ್ನನ್ನು ಒಮ್ಮೆ ಆಸ್ಪತ್ರೆಯಲ್ಲಿ ಕೆಡವಿತು. 1986ರಲ್ಲಿ, ನನ್ನ 25ನೆಯ ವಯಸ್ಸಿನಲ್ಲಿ, ನಾನು ನಿರ್ವಾಣ ಮಾಡಿಸಿಕೊಂಡವಳು, ಅಂದರೆ ಗಂಡಿನ ಅಂಗಗಳನ್ನು ತೆಗೆಸಿಕೊಂಡವಳು. ಕೆಲವು ವರ್ಷಗಳ ಹಿಂದೆ ಮೂತ್ರದ ಧಾರೆ ಸಣ್ಣಗಾಗಿ ಉರಿ ಆರಂಭವಾದಾಗ ಒಬ್ಬ ವೈದ್ಯರು ಹೊಟ್ಟೆಯ ಸ್ಕ್ಯಾನಿಂಗ್‌ಗೆ ಬರೆದುಕೊಟ್ಟರು. ಸ್ಕ್ಯಾನಿಂಗ್ ಮಾಡುತ್ತಿದ್ದ ಹುಡುಗಿ ಪರದೆ ನೋಡುತ್ತಲೇ, "ಗರ್ಭಕೋಶ ಯಾವಾಗ ತೆಗೆಸಿದ್ರಿ ಅಜ್ಜಿ?" ಎಂದಳು. ಬಾಗಿಲ ಬಳಿ ಇನ್ನೂ ಮೂವರು ಹೆಂಗಸರು ಕುಳಿತಿದ್ದರು. ನಾನು, "ಇಪ್ಪತ್ತು ವರ್ಷ ಆಯ್ತು ಕಣವ್ವ" ಎಂದುಬಿಟ್ಟೆ. ನಿಜ ಹೇಳಬೇಕೆಂದರೆ, ಆ ಪ್ರಶ್ನೆ ಕೇಳಿ ನನಗೆ ಒಳಗೊಳಗೇ ಹಿಗ್ಗಾಗಿತ್ತು. ನನ್ನ ಸುಳ್ಳು ವರದಿಯಲ್ಲಿ ಅಚ್ಚಾಯಿತು. ವೈದ್ಯರು ಆ ವರದಿಯನ್ನು ನಂಬಿ, ವಯಸ್ಸಾದ ಹೆಂಗಸರಿಗೆ ಆಗಾಗ ಬರುವ ಮೂತ್ರದ ಸೋಂಕೆಂದು ನಾಲ್ಕು ತಿಂಗಳಲ್ಲಿ ಮೂರು ಸಲ ಮಾತ್ರೆ ಕೊಟ್ಟರು.

ಒಂದು ರಾತ್ರಿ ಮೂತ್ರ ಪೂರ್ತಿ ಕಟ್ಟಿಕೊಂಡು, ಕಿಬ್ಬೊಟ್ಟೆ ಕಲ್ಲಿನಂತಾಗಿ, ಚೇಲಾ ನನ್ನನ್ನು ಆಟೋದಲ್ಲಿ ಮಲಗಿಸಿಕೊಂಡು ಹೋದಳು. ನಳಿಕೆ ಹಾಕಲು ಬಂದ ನರ್ಸಮ್ಮನ ಕೈ ತಡೆದು ನಿಂತಾಗ ಹೇಳದೆ ಬೇರೆ ದಾರಿಯಿರಲಿಲ್ಲ. ನಿರ್ವಾಣದ ಗಾಯ ಮಾಗಿದ ಜಾಗದಲ್ಲಿ ಮೂತ್ರನಾಳದ ಬಾಯಿ ವರ್ಷಗಳು ಕಳೆದಂತೆ ಕಿರಿದಾಗುತ್ತ ಬಂದಿತ್ತು. ನಮ್ಮವರಲ್ಲಿ ಇದು ಅಪರೂಪದ ತೊಂದರೆಯೇನಲ್ಲ. ಅದನ್ನು ಹಿಗ್ಗಿಸಿ ನಳಿಕೆ ಹಾಕಿದ ಡಾಕ್ಟರು, "ಮೊದಲೇ ಹೇಳಿದ್ದರೆ ಹತ್ತು ನಿಮಿಷದ ಕೆಲಸವಾಗಿತ್ತಲ್ಲಮ್ಮ" ಎಂದಷ್ಟೇ ಹೇಳಿದರು.

ಆಮೇಲೆ ನಾನು ಮಾಡಿಕೊಂಡದ್ದು ಈ ಹಾಳೆ. ಬಾಯಿಬಿಟ್ಟು ಹೇಳಲು ನಾಲಿಗೆ ಏಳದಿದ್ದರೆ ಕೈಯಾದರೂ ಕೊಡಲಿ ಎಂಬುದು ನನ್ನ ಯೋಚನೆ. ಹುಟ್ಟಿದಾಗ ಗಂಡೆಂದು ಬರೆಸಿದ್ದು, ನಿರ್ವಾಣವಾದ ವರ್ಷ, ಗರ್ಭಕೋಶ ಮತ್ತು ಅಂಡಾಶಯ ಇಲ್ಲವೆಂಬುದು, ಪ್ರಾಸ್ಟೇಟ್ ಇದೆಯೆಂಬುದು ಅದರಲ್ಲಿವೆ. ಈ ಕೊನೆಯದನ್ನು ನಮ್ಮಲ್ಲಿ ಬಹಳ ಮಂದಿ ತಿಳಿದಿಲ್ಲ. ಪ್ರಾಸ್ಟೇಟ್ ಎಂದರೆ ಗಂಡಾಗಿ ಹುಟ್ಟಿದವರ ಮೂತ್ರಕೋಶದ ಕೆಳಗಿರುವ ಗ್ರಂಥಿ, ನಿರ್ವಾಣದಲ್ಲಿ ಅದನ್ನು ಮುಟ್ಟುವುದಿಲ್ಲ. ಗಂಡು ಹಾರ್ಮೋನು ನಿಂತ ಮೇಲೆ ಅದು ಕುಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಅದರ ಕ್ಯಾನ್ಸರಿನ ಸುಳಿವು ಹಿಡಿಯುವ ಪಿಎಸ್‌ಎ ರಕ್ತಪರೀಕ್ಷೆಯಲ್ಲಿ ಗಂಡಸರಿಗೆ 4ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಆ ಸಂಖ್ಯೆ ಮೊದಲೇ ತೀರ ಕೆಳಗಿರುವುದರಿಂದ ಅದೇ ಅಳತೆ ಹಿಡಿದರೆ ಮೋಸಹೋಗಬಹುದು. ಡಾಕ್ಟರು ಇದನ್ನು ಹಾಳೆಯ ಅಂಚಿನಲ್ಲಿ ತಮ್ಮ ಕೈಯಿಂದಲೇ ಬರೆದುಕೊಟ್ಟರು.

ನುಂಗಿದ ಮಾತ್ರೆಗಳ ಸಾಲು ಬರೆಯುವಾಗ ನಾಚಿಕೆಯಾಯಿತು. ಎದೆ ತುಂಬಲೆಂದು ನಾನು ವರ್ಷಗಟ್ಟಲೆ ಯಾರನ್ನೂ ಕೇಳದೆ ಮಾಲಾ ಡಿ ಗರ್ಭನಿರೋಧಕ ಮಾತ್ರೆಗಳನ್ನು ದಿನಕ್ಕೆರಡರಂತೆ ನುಂಗಿದ್ದೇನೆ. ಅದರಲ್ಲಿರುವ ಎಥಿನೈಲ್ ಎಸ್ಟ್ರಡಿಯೋಲ್ ಎಂಬ ಹೆಣ್ಣು ಹಾರ್ಮೋನು ರಕ್ತ ಹೆಪ್ಪುಗಟ್ಟಿಸುವ ಅಪಾಯ ವಯಸ್ಸಿನ ಜೊತೆಗೆ ಏರುತ್ತದೆಂದು ಡಾಕ್ಟರು ಅದನ್ನು ಪೂರ್ತಿ ಬಿಡಿಸಿದರು. ಹಾಗೆಂದು ಯಾವ ಹಾರ್ಮೋನೂ ಇಲ್ಲದೆ ಬಹುಕಾಲ ಇದ್ದರೆ ಮೂಳೆ ಸವೆಯುತ್ತದೆ. ಮುದ್ದೆ ತಿಂದು ಬೆಳೆದ ಮಂಡ್ಯದ ಮೈ ನನ್ನದು, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ನನಗೆಲ್ಲಿಯ ಮೂಳೆ ಸವೆತ ಎಂದು ಜಂಬ ಕೊಚ್ಚುತ್ತಿದ್ದವಳು ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ ಮಣಿಕಟ್ಟು ಮುರಿದುಕೊಂಡೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ -2.7 ಬಂತು, -2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಅದಕ್ಕೆ ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ. ರವಿಕೆ ಹೊಲಿದು ಬದುಕುವವಳಿಗೆ ಬಲಗೈ ಮೂರು ತಿಂಗಳು ಕಟ್ಟಿನಲ್ಲಿದ್ದರೆ ಬಾಡಿಗೆ ಎಲ್ಲಿಂದ ಬರಬೇಕು? ಚೇಲಾಗಳು ಬಸ್ತಿಗೆ ಹೋಗಿ, ಅಂದರೆ ಅಂಗಡಿಗಳಲ್ಲಿ ಕೈಯೊಡ್ಡಿ, ತಂದ ದುಡ್ಡಿನಲ್ಲಿ ಆ ಮೂರು ತಿಂಗಳು ಕಳೆದವು. ಈಗ ಸುಣ್ಣದ ಮಾತ್ರೆ, ವಿಟಮಿನ್ ಡಿ, ಮೂಳೆಗೆ ವಾರಕ್ಕೊಂದು ಮಾತ್ರೆ, ಚರ್ಮಕ್ಕೆ ಹಚ್ಚುವ ಸ್ವಲ್ಪ ಈಸ್ಟ್ರೊಜನ್ ಜೆಲ್ ನಡೆಯುತ್ತಿವೆ. ಜೆಲ್ಲಿನಲ್ಲಿ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ.

ಜೆಲ್ ಎಷ್ಟು ಹಚ್ಚಬೇಕೆಂಬ ಲೆಕ್ಕದಲ್ಲಿ ಇನ್ನೊಂದು ಸುಳ್ಳು ಹೊರಬಿತ್ತು. ಆಧಾರ್ ಮಾಡಿಸುವಾಗ ನನ್ನ ಬಳಿ ಯಾವ ದಾಖಲೆಯೂ ಇರದೆ, ಬರೆದುಕೊಂಡವರು ಅಂದಾಜಿನಲ್ಲಿ 1968 ಹಾಕಿದ್ದರು. ನಾನು ಹುಟ್ಟಿದ್ದು 1961ರಲ್ಲಿ. ಕಡಿಮೆ ವಯಸ್ಸು ಯಾರಿಗೆ ಬೇಡ ಎಂದು ಸುಮ್ಮನಿದ್ದೆ. ಆದರೆ ಆಸ್ಪತ್ರೆಯ ಚೀಟಿಯಲ್ಲಿ ಏಳು ವರ್ಷ ಚಿಕ್ಕವಳಾದರೆ ಔಷಧದ ಲೆಕ್ಕ ತಪ್ಪುತ್ತದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರ ಕೊಡುವ ಮೈತ್ರಿ ಪಿಂಚಣಿ 64ಕ್ಕೆ ಮುಗಿದು 65ರಿಂದ ಸಿಗುವ ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾಕ್ಕೂ ಕಾಗದದ ವಯಸ್ಸೇ ಆಧಾರ. ಊರಿಗೆ ಹೋಗಿ, ಹಳೆಯ ಹೆಸರಿನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ತಮ್ಮನ ಮನೆಯ ಟ್ರಂಕಿನಿಂದ ತೆಗೆಸಿಕೊಂಡು ಬಂದೆ. ತಮ್ಮ ಅದನ್ನು ಅಷ್ಟು ವರ್ಷ ಅವ್ವನ ಫೋಟೋದ ಜೊತೆ ಸುತ್ತಿಟ್ಟಿದ್ದ. ನಾನು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಹಳೆಯ ಹೆಸರಿಗೂ ಈಗಿನ ಹೆಸರಿಗೂ ಕೊಂಡಿಯಾಗಿ, 2019ರ ಕಾಯ್ದೆಯಡಿ ಜಿಲ್ಲಾಧಿಕಾರಿಗಳು ಕೊಟ್ಟಿದ್ದ ಪ್ರಮಾಣಪತ್ರ ನೆರವಾಯಿತು. ಈಗ ಹಾಳೆಯ ಮೊದಲ ಸಾಲಿನಲ್ಲಿ 1961 ಎಂದಿದೆ. ಕೊನೆಯ ಸಾಲಿನಲ್ಲಿ ತುರ್ತಿಗೆ ಚೇಲಾಳ ಫೋನ್ ನಂಬರ್ ಇದೆ, ಸಂಬಂಧ ಎಂಬಲ್ಲಿ 'ಮಗಳು' ಎಂದು ಅವಳೇ ಬರೆದಿದ್ದಾಳೆ.

ಕಳೆದ ಸಲ ಸ್ಕ್ಯಾನಿಂಗ್‌ಗೆ ಹೋದಾಗ ಪ್ಲಾಸ್ಟಿಕ್ ಕವರಿನಿಂದ ಹಾಳೆ ತೆಗೆದು, ಏನೂ ಹೇಳದೆ, ಮೇಜಿನ ಮೇಲಿಟ್ಟೆ. ಬೇರೊಬ್ಬ ಹುಡುಗಿ, ನಿಧಾನವಾಗಿ ಮೇಲಿನಿಂದ ಕೆಳಗಿನವರೆಗೆ ಓದಿ ಮಡಿಸಿ ವಾಪಸ್ಸು ಕೊಟ್ಟಳು.

"ನೀರು ಕುಡಿದಿದ್ದೀರಾ ಅಜ್ಜಿ?" ಎಂದಳು.

ಒಂದು ಲೀಟರ್ ಕುಡಿದಿದ್ದೆ.