ಮೊದಲ ಮಾತಲ್ಲೇ 'ಆಗಲ್ಲ' ಎಂದವರನ್ನು ನಾನು ಆರಿಸಿಕೊಂಡೆ

"ಮೇಡಂ, ನೀವು ಬಿಇ ಸಿವಿಲ್. ಗ್ರೀನ್ ಲಿಸ್ಟಲ್ಲಿ ಇದ್ದೀರ. ನೇರವಾಗಿ ಪಿಆರ್. ಇವತ್ತು ಮೊದಲ ಕಂತು ಕಟ್ಟಿದ್ರೆ ಆರು ತಿಂಗಳಲ್ಲಿ ನ್ಯೂಜಿಲೆಂಡಲ್ಲಿ ಇರ್ತೀರ."

2023ರ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ವೀಸಾ ಕನ್ಸಲ್ಟೆನ್ಸಿಯಲ್ಲಿ ಕೇಳಿದ ಮಾತು ಇದು. ಗ್ರೀನ್ ಲಿಸ್ಟ್ ಎಂದರೆ ನ್ಯೂಜಿಲೆಂಡಿಗೆ ಬೇಕಾದ ಉದ್ಯೋಗಗಳ ಸರ್ಕಾರಿ ಪಟ್ಟಿ, ಪಿಆರ್ ಎಂದರೆ ಅಲ್ಲೇ ಕಾಯಂ ನೆಲೆಸುವ ಅನುಮತಿ. ಎದುರಿಗೆ ಕೂತಿದ್ದ ಹುಡುಗಿ ತುಂಬಾ ಸೌಜನ್ಯದಿಂದ ಮಾತಾಡಿದಳು. ಕಾಫಿ ತರಿಸಿಕೊಟ್ಟಳು. ಗೋಡೆ ಮೇಲೆ ನಾಲ್ಕು ಸರ್ಟಿಫಿಕೇಟುಗಳಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಮೊದಲ ಕಂತು 75,000 ರೂಪಾಯಿ. ನನ್ನ ಗಂಡ ಆಗಲೇ ಹಣ ಕಳಿಸಲು ಫೋನ್ ಕೈಗೆ ತೆಗೆದುಕೊಂಡಿದ್ದರು.

ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. "ಅರ್ಜಿಯಲ್ಲಿ ಸಲಹೆಗಾರರು ಅಂತ ಯಾರ ಹೆಸರು ಬರುತ್ತೆ?" ಇದನ್ನು ಕೇಳು ಎಂದು ಹೇಳಿಕೊಟ್ಟವರು ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿರುವ ನನ್ನ ಕಾಲೇಜಿನ ಸೀನಿಯರ್ ಅಕ್ಕ.

"ಯಾರದೂ ಬರಲ್ಲ ಮೇಡಂ. ನಿಮ್ಮ ಹೆಸರಲ್ಲೇ ಲಾಗಿನ್ ಮಾಡಿ, ನೀವೇ ತುಂಬಿದ ಹಾಗೆ ಹಾಕ್ತೀವಿ."

ನಾನು ಹದಿನೈದು ವರ್ಷದಿಂದ ನೀರಿನ ಪೈಪ್‌ಲೈನ್, ಒಳಚರಂಡಿ ಕೆಲಸ ಮಾಡಿಸುತ್ತಿರುವವಳು. ಡ್ರಾಯಿಂಗ್ ಮೇಲೆ ಯಾರ ಸಹಿ ಇದೆ ಎಂದು ನೋಡದೆ ಸೈಟಲ್ಲಿ ಕಾಂಕ್ರೀಟ್ ಹಾಕಿಸುವುದಿಲ್ಲ. ಇಲ್ಲಿ ನನ್ನ ಮಗಳ ಶಾಲೆ, ಇಬ್ಬರ ಕೆಲಸ, ಮನೆ ಎಲ್ಲಾ ಬಿಟ್ಟು ಹೋಗುವ ವಿಷಯ. ಸಹಿ ಮಾಡುವವರೇ ಇಲ್ಲ ಎಂದರೆ ಹೇಗೆ? ಯೋಚಿಸಿ ಹೇಳುತ್ತೇವೆ ಎಂದು ಎದ್ದು ಬಂದೆವು.

ಹೊರಡುವ ಮುಂಚೆ ಗೋಡೆಯ ಸರ್ಟಿಫಿಕೇಟುಗಳನ್ನು ಹತ್ತಿರ ಹೋಗಿ ಓದಿದೆ. ಒಂದು ಜಿಎಸ್‌ಟಿ ನೋಂದಣಿ. ಒಂದು ಅಂಗಡಿ ಲೈಸೆನ್ಸ್. ಒಂದು ಐಎಸ್‌ಒ. ಇನ್ನೊಂದು ಯಾವುದೋ ವಿದೇಶಿ ಕಾಲೇಜು ಕೊಟ್ಟದ್ದು. ನ್ಯೂಜಿಲೆಂಡ್ ವೀಸಾ ಬಗ್ಗೆ ಸಲಹೆ ಕೊಡಲು ಇವುಗಳಲ್ಲಿ ಒಂದೂ ಅನುಮತಿ ಅಲ್ಲ. ಇದು ನನಗೆ ಅವತ್ತು ರಾತ್ರಿ ಕೂತು ಓದಿದಾಗ ಗೊತ್ತಾಯಿತು.

ನ್ಯೂಜಿಲೆಂಡಿನಲ್ಲಿ ಇದಕ್ಕೆಂದೇ 2007ರ ಒಂದು ಕಾನೂನು ಇದೆ. ಇಮಿಗ್ರೇಷನ್ ಅಡ್ವೈಸರ್ಸ್ ಲೈಸೆನ್ಸಿಂಗ್ ಆಕ್ಟ್. ದುಡ್ಡು ತಗೊಂಡರೂ ತಗೊಳ್ಳದಿದ್ದರೂ, ಆ ದೇಶದ ವೀಸಾ ಬಗ್ಗೆ ನಿಮ್ಮ ಪರಿಸ್ಥಿತಿ ನೋಡಿ ಸಲಹೆ ಕೊಡುವವರಿಗೆ ಲೈಸೆನ್ಸ್ ಇರಬೇಕು, ಇಲ್ಲವೇ ಅವರು ಕಾನೂನೇ ವಿನಾಯಿತಿ ಕೊಟ್ಟವರಾಗಿರಬೇಕು. ಅಲ್ಲಿನ ವಕೀಲರು ವಿನಾಯಿತಿ ಇರುವವರಲ್ಲಿ ಸೇರುತ್ತಾರೆ. ಮುಖ್ಯವಾದ ಮಾತು ಎಂದರೆ, 2010ರ ಮೇ 4ರಿಂದ ಈ ನಿಯಮ ಹೊರದೇಶದಲ್ಲಿ ಕೂತವರಿಗೂ ಅನ್ವಯ. ಅಂದರೆ ಬೆಂಗಳೂರಿನ ಆಫೀಸಿಗೂ ಅನ್ವಯ. ಗೊತ್ತಿದ್ದೂ ಲೈಸೆನ್ಸ್ ಇಲ್ಲದೆ ಸಲಹೆ ಕೊಟ್ಟರೆ 7 ವರ್ಷದವರೆಗೆ ಜೈಲು, 1,00,000 ಡಾಲರ್‌ವರೆಗೆ ದಂಡ. ಲೈಸೆನ್ಸ್ ಇಲ್ಲದವರು ಹಾಕಿದ ಅರ್ಜಿಯನ್ನು ವೀಸಾ ಇಲಾಖೆ ತೆಗೆದುಕೊಳ್ಳುವುದೇ ಇಲ್ಲ. ಅದಕ್ಕೇ 'ನೀವೇ ತುಂಬಿದ ಹಾಗೆ' ಎಂಬ ದಾರಿ ಹಿಡಿಯುತ್ತಾರೆ. ಅರ್ಜಿ ತುಂಬಲು ಯಾರಾದರೂ ಸಹಾಯ ಮಾಡಿದರೇ ಎಂದು ಕೇಳುವ ಕಡೆ 'ಇಲ್ಲ' ಎಂದು ಬರೆದರೆ, ಸುಳ್ಳು ಹೇಳಿದವರು ನಾವಾಗುತ್ತೇವೆ. ಏಜೆಂಟ್ ಅಲ್ಲ.

ಒಂದು ಗೊಂದಲವನ್ನು ಇಲ್ಲೇ ಹೇಳಿಬಿಡುತ್ತೇನೆ. ನ್ಯೂಜಿಲೆಂಡಿನ ಹೊರಗೆ ಇದ್ದುಕೊಂಡು ಬರೀ ಸ್ಟೂಡೆಂಟ್ ವೀಸಾ ಬಗ್ಗೆ ಸಲಹೆ ಕೊಡುವವರಿಗೆ ಲೈಸೆನ್ಸ್ ಬೇಕಿಲ್ಲ. ಹಾಗಾಗಿ ನಮ್ಮೂರಿನ ಎಜುಕೇಷನ್ ಏಜೆಂಟರು ಮಾಡುವುದು ತಪ್ಪಲ್ಲ. ಆದರೆ ಅದೇ ಏಜೆಂಟ್ ಕೆಲಸದ ವೀಸಾ, ಪಿಆರ್ ಎಂದು ಮಾತು ಶುರು ಮಾಡಿದರೆ ಆ ವಿನಾಯಿತಿ ಅಲ್ಲಿಗೆ ಮುಗಿಯಿತು. ಹಾಗೆಯೇ ನಮ್ಮ ವಿದೇಶಾಂಗ ಸಚಿವಾಲಯದ ನೋಂದಣಿ ಇರುವ ರಿಕ್ರೂಟಿಂಗ್ ಏಜೆಂಟರದು ಬೇರೆ ವಿಷಯ. ಅದು ಹೊರದೇಶದ ಕೆಲಸಕ್ಕೆ ಜನ ಕಳಿಸುವ ಅನುಮತಿ. ಅದನ್ನು ತೋರಿಸಿ 'ನಾವು ಗೌರ್ಮೆಂಟ್ ರಿಜಿಸ್ಟರ್ಡ್' ಎಂದರೆ ನ್ಯೂಜಿಲೆಂಡ್ ವೀಸಾ ಸಲಹೆಗೆ ಅದು ಸಾಲದು.

ಎರಡನೇ ಸಲಹೆಗಾರರನ್ನು ಹುಡುಕುವಾಗ ನಾನು ರಿಜಿಸ್ಟರ್‌ನಿಂದಲೇ ಶುರು ಮಾಡಿದೆ. ಈ ಲೈಸೆನ್ಸ್ ಕೊಡುವ ಇಮಿಗ್ರೇಷನ್ ಅಡ್ವೈಸರ್ಸ್ ಅಥಾರಿಟಿಯ ಈ ಪಟ್ಟಿಯನ್ನು ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದು. ಹೆಸರು ಹಾಕಿದರೆ ಲೈಸೆನ್ಸ್ ನಂಬರ್, ಅದು ಯಾವ ಥರದ್ದು, ಈಗ ಚಾಲ್ತಿಯಲ್ಲಿದೆಯೋ ಇಲ್ಲವೋ ಗೊತ್ತಾಗುತ್ತದೆ. ಲೈಸೆನ್ಸನ್ನು ವರ್ಷ ವರ್ಷ ನವೀಕರಿಸಬೇಕು. ಆದ್ದರಿಂದ ಹಳೇ ಸರ್ಟಿಫಿಕೇಟಿನ ಫೋಟೋ ವಾಟ್ಸಾಪಲ್ಲಿ ಬಂದರೆ ಅದನ್ನು ನಂಬಿ ಕೂರಬಾರದು. ಮೂರು ಥರದ ಲೈಸೆನ್ಸ್ ಇವೆ. ಫುಲ್ ಇದ್ದವರು ಎಲ್ಲಾ ವಿಷಯಕ್ಕೂ ಸಲಹೆ ಕೊಡಬಹುದು. ಪ್ರೊವಿಷನಲ್ ಇದ್ದವರು ಫುಲ್ ಲೈಸೆನ್ಸ್ ಇರುವ ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕು. ಲಿಮಿಟೆಡ್ ಇದ್ದವರಿಗೆ ಕೆಲವು ವಿಷಯಗಳಷ್ಟೇ.

ಪಟ್ಟಿಯಲ್ಲಿ ಒಬ್ಬರು ಸಿಕ್ಕರು. ಫುಲ್ ಲೈಸೆನ್ಸ್. ಆಕ್ಲೆಂಡಿನಲ್ಲಿ ಇರುವವರು, ಭಾರತದಲ್ಲೂ ಆಫೀಸ್ ಇದೆ. ಸಮಾಧಾನವಾಯಿತು. ಆದರೆ ಮೂರು ವಾರ, ಐದು ಫೋನ್ ಕರೆ ಆದರೂ ಅವರ ಧ್ವನಿ ನಾನು ಕೇಳಲೇ ಇಲ್ಲ. ಯಾವಾಗಲೂ ಇಲ್ಲಿನ ಆಫೀಸಿನ ಬೇರೆ ಬೇರೆ ಹುಡುಗರು. "ಸರ್ ಬಿಜಿ ಇದ್ದಾರೆ, ಕೊನೇಲಿ ಸರ್ ಚೆಕ್ ಮಾಡಿ ಸೈನ್ ಹಾಕ್ತಾರೆ." ಯಾವ ವೀಸಾ ಹಾಕಬೇಕು, ಅನುಭವ ಹೇಗೆ ತೋರಿಸಬೇಕು ಎಂದೆಲ್ಲಾ ಹೇಳುತ್ತಿದ್ದವರು ಆ ಹುಡುಗರೇ.

ಈ ಒಂದು ವಿಷಯ ಗೊತ್ತಿಲ್ಲದವರೇ ಜಾಸ್ತಿ. ಲೈಸೆನ್ಸ್ ಸಿಗುವುದು ವ್ಯಕ್ತಿಗೆ, ಕಂಪನಿಗೆ ಅಲ್ಲ. ಲೈಸೆನ್ಸ್ ಇಲ್ಲದ ಸಿಬ್ಬಂದಿ ಮಾಡಬಹುದಾದದ್ದು ಗುಮಾಸ್ತೆ ಕೆಲಸ ಅಷ್ಟೇ. ದಾಖಲೆ ಜೋಡಿಸುವುದು, ಹೇಳಿದ್ದನ್ನು ಫಾರ್ಮಿಗೆ ಇಳಿಸುವುದು, ಇಂಥದ್ದು. ಯಾವ ದಾರಿ ಹಿಡಿಯಬೇಕು ಎಂದು ಅವರು ಹೇಳುವ ಹಾಗಿಲ್ಲ. ಸಿಬ್ಬಂದಿ ಸಲಹೆ ಕೊಟ್ಟು, ಲೈಸೆನ್ಸ್ ಇದ್ದವರು ಕೊನೆಗೆ ಸಹಿ ಒತ್ತುವುದಕ್ಕೆ ಅಲ್ಲಿ 'ರಬ್ಬರ್ ಸ್ಟ್ಯಾಂಪಿಂಗ್' ಎಂದೇ ಕರೆಯುತ್ತಾರೆ. ದೂರುಗಳನ್ನು ವಿಚಾರಿಸಲು ಒಂದು ಟ್ರಿಬ್ಯೂನಲ್ ಇದೆ. ಅದರ ತೀರ್ಪುಗಳನ್ನು ಯಾರು ಬೇಕಾದರೂ ಓದಬಹುದು. ಇದೇ ಕಾರಣಕ್ಕೆ ಶಿಕ್ಷೆ ಆದ ಪ್ರಕರಣಗಳು ಅಲ್ಲಿ ಒಂದೆರಡಲ್ಲ. ನಾನು ಎರಡು ರಾತ್ರಿ ಕೂತು ಆ ತೀರ್ಪುಗಳನ್ನು ಓದಿದೆ. ನನ್ನಂಥವರದೇ ಕಥೆಗಳು. ವೀಸಾ ತಿರಸ್ಕಾರ ಆದಮೇಲೆಯೇ ಲೈಸೆನ್ಸ್ ಇರುವವರ ಹೆಸರನ್ನು ಮೊದಲ ಸಲ ಕೇಳಿದವರಿದ್ದರು. ಓದುತ್ತಾ ಹೊಟ್ಟೆ ಸಂಕಟವಾಯಿತು.

ಹಾಗಾಗಿ ಮೂರನೇ ಸಲ ನನ್ನ ಶರತ್ತು ಒಂದೇ ಇತ್ತು. ಲೈಸೆನ್ಸ್ ಇರುವವರೇ ನನ್ನ ಜೊತೆ ಮುಖ ನೋಡಿ ಮಾತಾಡಬೇಕು. ರಿಜಿಸ್ಟರ್‌ನಿಂದ ಐದು ಜನರಿಗೆ ಒಂದೇ ಇಮೇಲ್ ಬರೆದೆ. ನನ್ನ ಡಿಗ್ರಿ, ವರ್ಷ, ಕಾಲೇಜು, ಅನುಭವ, ವಯಸ್ಸು, ಎಲ್ಲಾ ಹತ್ತು ಸಾಲಲ್ಲಿ. ಇಬ್ಬರು ಉತ್ತರಿಸಲಿಲ್ಲ. ಇಬ್ಬರು ಫೀಸಿನ ಪಟ್ಟಿ ಕಳಿಸಿದರು. ಒಬ್ಬರು ಮಾತ್ರ ವಾಪಸ್ ಪ್ರಶ್ನೆ ಕೇಳಿದರು. "ನಿಮ್ಮ ಕಾಲೇಜಿಗೆ ನೀವು ಓದುವಾಗ ಎನ್‌ಬಿಎ ಮಾನ್ಯತೆ ಇತ್ತೇ? ಇದ್ದರೆ ಟಿಯರ್ 1 ಅಥವಾ ಟಿಯರ್ 2?" ಎನ್‌ಬಿಎ ಎಂದರೆ ನಮ್ಮಲ್ಲಿ ಎಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ.

ವೆಲ್ಲಿಂಗ್ಟನ್‌ನಲ್ಲಿ ಒಬ್ಬರೇ ಆಫೀಸ್ ನಡೆಸುವ ಹೆಂಗಸು. ನಮಗೆ ಬೆಳಗ್ಗೆ ಒಂಬತ್ತೂವರೆ, ಅವರಿಗೆ ಸಂಜೆ ನಾಲ್ಕು. ವಿಡಿಯೋ ಕರೆಯಲ್ಲಿ ಕೂತು ಮೊದಲು ಹೇಳಿದ್ದೇ, ನೀವು ಅಂದುಕೊಂಡ ದಾರಿ ಸದ್ಯಕ್ಕೆ ಆಗಲ್ಲ ಎಂದು.

ಕಾರಣ ಬಿಡಿಸಿ ಹೇಳಿದರು. ಗ್ರೀನ್ ಲಿಸ್ಟಲ್ಲಿ ಸಿವಿಲ್ ಎಂಜಿನಿಯರ್ ಇರುವುದು ನಿಜ. ಆದರೆ ಬಿಇ ಎಂದ ಮಾತ್ರಕ್ಕೆ ಆಗುವುದಿಲ್ಲ. ಹೊರದೇಶದ ಡಿಗ್ರಿ, ಎಂಜಿನಿಯರಿಂಗ್ ಓದನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಅಕಾರ್ಡ್ ಎಂಬ ಒಪ್ಪಂದದ ಮಟ್ಟಕ್ಕೆ ಸಮ ಎಂದು ತೋರಿಸಬೇಕು. ಭಾರತ ಅದರ ಪೂರ್ಣ ಸದಸ್ಯ ಆದದ್ದು 2014ರ ಜೂನ್‌ನಲ್ಲಿ. ಅದರಲ್ಲೂ ಎನ್‌ಬಿಎಯ ಟಿಯರ್ 1 ಮಾನ್ಯತೆ ಇರುವ ಕೋರ್ಸುಗಳಿಗೆ ಮಾತ್ರ ಆ ಬೆಲೆ. ಟಿಯರ್ 1 ಇರುವುದು ಸ್ವಾಯತ್ತ ಕಾಲೇಜು, ವಿಶ್ವವಿದ್ಯಾಲಯಗಳಂಥ ಕಡೆ. ವಿಶ್ವವಿದ್ಯಾಲಯದ ಅಡಿಯಲ್ಲಿ ನಡೆಯುವ ಸಾಮಾನ್ಯ ಕಾಲೇಜುಗಳಿಗೆ ಟಿಯರ್ 2. ನಾನು ವಿಟಿಯು ಅಡಿಯ ಒಂದು ಕಾಲೇಜಿನಲ್ಲಿ 2008ರಲ್ಲಿ ಪಾಸಾದವಳು. ವರ್ಷವೂ ಹೊಂದುವುದಿಲ್ಲ, ಟಿಯರೂ ಹೊಂದುವುದಿಲ್ಲ.

ಕರ್ನಾಟಕದಲ್ಲಿ ಓದಿದ ಸಾವಿರಾರು ಎಂಜಿನಿಯರುಗಳ ಸ್ಥಿತಿ ಇದೇ ಅಲ್ವಾ? ಆದರೂ ಬೆಂಗಳೂರಿನ ಆ ಆಫೀಸಿನಲ್ಲಾಗಲಿ, ಎರಡನೇ ಆಫೀಸಿನ ಹುಡುಗರಾಗಲಿ ನನ್ನ ಕಾಲೇಜಿನ ಹೆಸರನ್ನೇ ಕೇಳಿರಲಿಲ್ಲ.

ಫೋನ್ ಇಟ್ಟಮೇಲೆ ಒಂದು ಗಂಟೆ ಸುಮ್ನೆ ಕೂತಿದ್ದೆ. ಬೇಜಾರಾಗಿತ್ತು. ಸಂಜೆ ಹೊತ್ತಿಗೆ ಅವರೇ ಒಂದೂವರೆ ಪುಟದ ಪತ್ರ ಕಳಿಸಿದರು. ಮೊದಲ ಭಾಗ, ನನಗೆ ಅಡ್ಡಿ ಆಗುವ ಮೂರು ಅಂಶ. ಎರಡನೇ ಭಾಗ, ಇರುವ ದಾರಿ. ಎಂಜಿನಿಯರಿಂಗ್ ನ್ಯೂಜಿಲೆಂಡ್ ಸಂಸ್ಥೆಯಿಂದ ನನ್ನ ಓದು ಆ ಮಟ್ಟಕ್ಕೆ ಸಮ ಎಂದು ಪತ್ರ ಪಡೆಯಲು ಪ್ರಯತ್ನಿಸಬಹುದು. ಅದಕ್ಕೆ ಸಮಯ ಹಿಡಿಯುತ್ತದೆ, ಸಿಗದೆಯೂ ಹೋಗಬಹುದು. ಅಷ್ಟರಲ್ಲಿ ಸರ್ಕಾರದ ಮಾನ್ಯತೆ ಇರುವ ಉದ್ಯೋಗದಾತರಿಂದ ಕೆಲಸ ಸಿಕ್ಕರೆ ಮೊದಲು ಕೆಲಸದ ವೀಸಾದಲ್ಲಿ ಬರಬಹುದು. ಈ ಉದ್ಯೋಗದಾತರ ವೀಸಾ ಪದ್ಧತಿ 2022ರ ಜುಲೈನಲ್ಲಿ ಶುರುವಾದದ್ದು. ಕೊನೆಯ ಸಾಲಿನಲ್ಲಿ ಬರೆದಿದ್ದರು: "ಕೆಲಸ ಹುಡುಕಿಕೊಡುವುದು ನನ್ನ ಕೆಲಸವಲ್ಲ. ಕೆಲಸ ಕೊಡಲು ಯಾರಾದರೂ ನಿಮ್ಮಿಂದ ಹಣ ಕೇಳಿದರೆ ಕೊಡಬೇಡಿ, ಇಲ್ಲಿ ಅದು ಕಾನೂನಿಗೆ ವಿರುದ್ಧ."

ಅವರನ್ನೇ ಗೊತ್ತು ಮಾಡಿದೆವು.

ಹಣದ ವಿಷಯ. ಒಪ್ಪಂದ ಲಿಖಿತದಲ್ಲಿ ಇರಲೇಬೇಕು ಎಂಬುದು ಲೈಸೆನ್ಸ್ ಇರುವ ಸಲಹೆಗಾರರ ನೀತಿಸಂಹಿತೆಯಲ್ಲೇ ಇದೆ. ಯಾವ ಕೆಲಸಕ್ಕೆ ಎಷ್ಟು, ಯಾವಾಗ ಕೊಡಬೇಕು, ಯಾವಾಗ ವಾಪಸ್ ಬರುತ್ತದೆ ಎಂದು ಒಪ್ಪಂದದಲ್ಲಿ ಕಾಣಬೇಕು. ದೂರು ಕೊಡುವುದು ಹೇಗೆ ಎಂಬುದನ್ನೂ ಅವರೇ ಮೊದಲು ತಿಳಿಸಬೇಕು. ಮುಂಗಡ ಕೊಟ್ಟ ಹಣ ಅವರ ಸ್ವಂತ ಖಾತೆಗೆ ಹೋಗುವುದಿಲ್ಲ. ಗ್ರಾಹಕರ ಹಣಕ್ಕೆಂದೇ ಬೇರೆ ಖಾತೆ ಇರುತ್ತದೆ, ಕೆಲಸ ಆದ ಹಾಗೆ ಅಲ್ಲಿಂದ ತೆಗೆದುಕೊಳ್ಳುತ್ತಾರೆ. ನಾನು ಒಪ್ಪಂದವನ್ನು ಎರಡು ದಿನ ಇಟ್ಟುಕೊಂಡು ಓದಿದೆ. ಒಂದು ಕಡೆ ಅರ್ಥ ಆಗಲಿಲ್ಲ, ಕೇಳಿದೆ. ಎಂಜಿನಿಯರಿಂಗ್ ಪತ್ರ ಸಿಗದಿದ್ದರೆ ಮುಂದಿನ ಹಂತದ ಫೀಸ್ ಕೊಡಬೇಕಿಲ್ಲ ಎಂದು ಅವರೇ ಒಂದು ಸಾಲು ಸೇರಿಸಿ ಕಳಿಸಿದರು. 'ಇವತ್ತೇ ಕಟ್ಟಿ' ಎಂದು ಒಂದು ಸಲವೂ ಹೇಳಲಿಲ್ಲ.

ಮುಂದಿನದ್ದು ಬರೀ ದುಡಿಮೆ. ಬೆಳಗಾವಿಯ ವಿಟಿಯು ಕಚೇರಿಯಿಂದ ಟ್ರಾನ್ಸ್‌ಕ್ರಿಪ್ಟ್ ತರಿಸಿದೆ. ಹಳೇ ಸಿಲಬಸ್ ಹುಡುಕಲು ಕಾಲೇಜಿಗೆ ಮೂರು ಸಲ ಹೋದೆ. ಮಾಡಿಸಿದ ಕೆಲಸಗಳ ವರದಿ ಬರೆದೆ. ಇಂಟರ್‌ವ್ಯೂಗಳು ನಮ್ಮ ರಾತ್ರಿ ಎರಡೂವರೆಗೆ ಇರುತ್ತಿದ್ದವು, ಮಗಳು ಮಲಗಿರುತ್ತಿದ್ದಳು, ನಾನು ಅಡುಗೆಮನೆಯಲ್ಲಿ ಕೂತು ಮಾತಾಡುತ್ತಿದ್ದೆ. ಏಳನೇ ಇಂಟರ್‌ವ್ಯೂನಲ್ಲಿ ಕೆಲಸ ಸಿಕ್ಕಿತು. ಕೆಲಸದ ವೀಸಾದಲ್ಲಿ ನ್ಯೂಜಿಲೆಂಡಿಗೆ ಬಂದೆವು. ಸಮಾನತೆಯ ಪತ್ರ ಆಮೇಲೆ ಬಂತು. ಅದಾದಮೇಲೆ ರೆಸಿಡೆನ್ಸ್ (ಇಲ್ಲೇ ನೆಲೆಸುವ ಅನುಮತಿ) ಅರ್ಜಿ.

ಎಲ್ಲರಿಗೂ ಸಲಹೆಗಾರರು ಬೇಕೇ ಬೇಕು ಎಂದು ನಾನು ಹೇಳುವುದಿಲ್ಲ. ಅರ್ಜಿ ಆನ್‌ಲೈನ್ ಇದೆ, ನಿಯಮಗಳು ಎಲ್ಲರಿಗೂ ತೆರೆದಿವೆ. ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಮಂಗಳೂರಿನ ಹುಡುಗ ಎಲ್ಲವನ್ನೂ ತಾನೇ ಮಾಡಿಕೊಂಡ. ಅವನ ಡಿಗ್ರಿ ಸರಾಗವಾಗಿ ಹೊಂದುತ್ತಿತ್ತು. ನನ್ನದು ಹಾಗಿರಲಿಲ್ಲ.

ಬೇರೆ ದೇಶಕ್ಕೆ ಹೊರಟವರು ಆ ದೇಶದ ನಿಯಮ ನೋಡಬೇಕು. ಕೆನಡಾದಲ್ಲಿ ಕನ್ಸಲ್ಟೆಂಟರಿಗೆ ಕಾಲೇಜ್ ಆಫ್ ಇಮಿಗ್ರೇಷನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್ ಇದೆ, ಅಲ್ಲೂ ಪಟ್ಟಿ ನೋಡಬಹುದು. ಆಸ್ಟ್ರೇಲಿಯಾದಲ್ಲಿ ನೋಂದಾಯಿತ ಏಜೆಂಟರಿಗೆ ಎಂಎಆರ್‌ಎನ್ ಎಂಬ ನಂಬರ್ ಇರುತ್ತದೆ. ಆದರೆ ಆಸ್ಟ್ರೇಲಿಯಾದ ಹೊರಗೆ ಕೂತು ಸಲಹೆ ಕೊಡುವವರು ನೋಂದಣಿ ಮಾಡಿಸಲೇಬೇಕೆಂಬ ಕಡ್ಡಾಯ ಇಲ್ಲ. ಆದ್ದರಿಂದ ಅಲ್ಲಿಗೆ ಹೊರಟವರು ಆ ನಂಬರ್ ಇರುವವರನ್ನೇ ಹುಡುಕಿಕೊಂಡು ಹೋಗುವುದು ಒಳ್ಳೆಯದು. ನನ್ನ ತಮ್ಮನಿಗೂ ಇದನ್ನೇ ಹೇಳಿದ್ದೇನೆ.

ನಮ್ಮ ರೆಸಿಡೆನ್ಸ್ ಬಂದ ವಾರ ವೆಲ್ಲಿಂಗ್ಟನ್‌ನಿಂದ ಒಂದು ಇಮೇಲ್ ಬಂತು. ನಮ್ಮ ಫೈಲಿನ ಪೂರ್ತಿ ಪ್ರತಿ, ಕೊಟ್ಟ ಹಣದ ಲೆಕ್ಕದ ಹಾಳೆ. ಕೊರಿಯರ್‌ಗೆ ಎಂದು ಮುಂಗಡ ಕೊಟ್ಟಿದ್ದರಲ್ಲಿ 60 ಡಾಲರ್ ಖರ್ಚಾಗದೆ ಉಳಿದಿತ್ತು. ಅದನ್ನು ಅವತ್ತೇ ನಮ್ಮ ಖಾತೆಗೆ ವಾಪಸ್ ಹಾಕಿದ್ದರು.